‘ಪಟ್ಟಿ ಆಯ್ತಾ, ಆಗಿಲ್ವಾ?’: ಜಾಂಗೋ ಎರರ್‌ಗಳ ಜೊತೆ ನನ್ನ ಅನುಭವ

ಕೋಲಾರದ ಎಪಿಎಂಸಿ ಯಾರ್ಡ್‌ನಲ್ಲಿರುವ ಒಂದು ಟೊಮೆಟೊ ಮಂಡಿಗೆ ಪಟ್ಟಿ ಬರೆಯುವ ವೆಬ್ ಅಪ್ಲಿಕೇಶನ್ ಮಾಡಿಕೊಟ್ಟಿದ್ದೇನೆ. ಪಟ್ಟಿ ಅಂದರೆ ರೈತರ ಕೈಗೆ ಕೊಡುವ ಲೆಕ್ಕದ ಚೀಟಿ. ಎಷ್ಟು ಬಾಕ್ಸು, ಯಾವ ಲಾಟ್ ಎಷ್ಟಕ್ಕೆ ಹರಾಜಾಯ್ತು, ಬಾಡಿಗೆ, ಹಮಾಲಿ ಕಳೆದು ಉಳಿದದ್ದು ಎಷ್ಟು ಅನ್ನೋದೆಲ್ಲ ಅದರಲ್ಲಿರುತ್ತೆ. ಪೈಥಾನ್ ಭಾಷೆ, ಅದರಲ್ಲಿ ವೆಬ್ ಅಪ್ಲಿಕೇಶನ್ ಕಟ್ಟಲು ಜಾಂಗೋ, ಡೇಟಾಬೇಸ್‌ಗೆ ಪೋಸ್ಟ್‌ಗ್ರೆಸ್, ಒಂದು ಸಣ್ಣ ಸರ್ವರ್, ಇಷ್ಟೇ ಸಾಮಾನು.

2023ರ ಜುಲೈ ನೆನಪಿದೆ ಅಲ್ವಾ? 15 ಕೆಜಿ ಬಾಕ್ಸು 2,000 ರೂಪಾಯಿ ದಾಟಿದ್ದ ದಿನಗಳು. ಹರಾಜು ಜೋರಾಗಿ ನಡೆಯುತ್ತಿದ್ದಾಗ ಮಂಡಿಯ ಗುಮಾಸ್ತರು ಫೋನ್ ಮಾಡಿದರು. ಪರದೆ ಮೇಲೆ ‘ಸರ್ವರ್ ಎರರ್ 500’ ಅಂತ ದಪ್ಪಕ್ಷರ ಬಂದಿದೆ ಅಂದರು. ನಾನು ಲಾಗ್ (ಸರ್ವರ್ ಬರೆದಿಡುವ ದಿನಚರಿ) ನೋಡ್ತೀನಿ ಅಣ್ಣ ಅಂದೆ. ಅವರಿಗೆ ಲಾಗ್ ಬೇಕಿರಲಿಲ್ಲ. “ಅದೆಲ್ಲ ಆಮೇಲೆ ನೋಡಪ್ಪಾ. ಪಟ್ಟಿ ಆಯ್ತಾ, ಆಗಿಲ್ವಾ? ಅಷ್ಟು ಹೇಳು, ರೈತರು ಮುಂದೆ ನಿಂತಿದ್ದಾರೆ.”

ನನ್ನ ಹತ್ತಿರ ಉತ್ತರ ಇರಲಿಲ್ಲ. ಕೋಡ್ ಬರೆದವನು ನಾನೇ, ಆದರೂ ಗೊತ್ತಿರಲಿಲ್ಲ. ಅವರು ಕಾಯದೆ ಮತ್ತೆ ಬಟನ್ ಒತ್ತಿದರು, ಒಬ್ಬ ರೈತರಿಗೆ ಎರಡು ಪಟ್ಟಿ ಆಯ್ತು. ಎರರ್ ಹ್ಯಾಂಡ್ಲಿಂಗ್ ಬಗ್ಗೆ ನಾನು ಆಮೇಲೆ ಮಾಡಿದ ಕೆಲಸವೆಲ್ಲ ಅವರ ಆ ಒಂದು ಪ್ರಶ್ನೆಗೆ ಉತ್ತರ ಹುಡುಕಿದ್ದೇ.

ಮೊದಲು ಹಳೆಯ ಕೋಡ್ ಹೇಗಿತ್ತು ಅಂತ ಹೇಳ್ತೀನಿ. ಭಯಕ್ಕೆ ಬಹಳ ಕಡೆ ಟ್ರೈ ಹಾಕಿ, ಕೆಳಗೆ ಎಕ್ಸೆಪ್ಟ್, ಅದರೊಳಗೆ ಪಾಸ್ ಅಂತ ಬರೆದಿದ್ದೆ, ಅಂದರೆ ಈ ಕೆಲಸ ಮಾಡಿ ನೋಡು, ಎರರ್ ಬಂದರೆ ಏನೂ ಮಾಡದೆ ಮುಂದೆ ಹೋಗು ಅಂತ. ಅಪ್ಲಿಕೇಶನ್ ಬೀಳುತ್ತಿದ್ದದ್ದು ಅಪರೂಪ, ಮಂಡಿಯವರಿಗೂ ಖುಷಿ, ನನಗೂ ಖುಷಿ. ಒಂದು ದಿನ ಶ್ರೀನಿವಾಸಪುರದ ಕಡೆಯ ರೈತರೊಬ್ಬರು ಪಟ್ಟಿ ವಾಪಸ್ ತಂದು, ನನ್ನ ಮೂರನೇ ಲಾಟ್‌ಗೆ ಸೊನ್ನೆ ಯಾಕೆ ಅಂತ ಕೇಳಿದರು. ಗುಮಾಸ್ತರು ದರದ ಜಾಗದಲ್ಲಿ ‘1,250’ ಅಂತ ಕಾಮಾ ಹಾಕಿ ಬರೆದಿದ್ದರು. ಅದನ್ನು ಅಂಕಿಯಾಗಿ ಓದಲು ಆಗದೆ ಎಕ್ಸೆಪ್ಶನ್ (ಕೋಡ್ ಓಡುವಾಗ ಏಳುವ ಎರರ್) ಎದ್ದಿತ್ತು, ನನ್ನ ಪಾಸ್ ಅದನ್ನು ನುಂಗಿತ್ತು, ದರಕ್ಕೆ ಮೊದಲೇ ಇಟ್ಟಿದ್ದ ಸೊನ್ನೆಯೇ ಉಳಿದುಹೋಗಿತ್ತು. ಆ ರೈತರು ಓದಿ ನೋಡಿದ್ದಕ್ಕೆ ಗೊತ್ತಾಯ್ತು. ನೋಡದೆ ಹೋದವರು ಎಷ್ಟು ಜನ ಇರಬಹುದು ಅಂತ ಆ ರಾತ್ರಿ ಕೂತು ಹಳೆಯ ಪಟ್ಟಿಗಳನ್ನೆಲ್ಲ ಒಂದೊಂದಾಗಿ ತೆಗೆದು ನೋಡಿದೆ. ನುಂಗಿದ ಎರರ್‌ಗಿಂತ ಬಿದ್ದುಹೋದ ಪುಟ ಸಾವಿರ ಪಾಲು ಮೇಲು ಅಂತ ನಾನು ಇವತ್ತಿಗೂ ಹೇಳೋದು ಅದಕ್ಕೇ.

ಪಾಸ್ ತೆಗೆದು ವ್ಯಾಲ್ಯೂಎರರ್ (ಕೊಟ್ಟ ಮಾಹಿತಿ ಸರಿಯಿಲ್ಲ ಅನ್ನುವ ಎಕ್ಸೆಪ್ಶನ್) ಅಂತ ಹೆಸರು ಹಿಡಿದು ಎಕ್ಸೆಪ್ಟ್ ಬರೆದೆ. ಅದೂ ಸಾಲಲಿಲ್ಲ. ಇದು ಬಹಳ ಜನಕ್ಕೆ ಗೊತ್ತಿರೋದಿಲ್ಲ, ಅದಕ್ಕೆ ಬಿಡಿಸಿ ಹೇಳ್ತೀನಿ. ಪೂರ್ಣಾಂಕ ಓದುವ ಇಂಟ್‌ಗೆ ‘1,250’ ಕೊಟ್ಟರೆ ವ್ಯಾಲ್ಯೂಎರರ್ ಬರುತ್ತೆ. ದಶಮಾಂಶ ಓದುವ ಡೆಸಿಮಲ್‌ಗೆ ಅದನ್ನೇ ಕೊಟ್ಟರೆ ಬರೋದು ಇನ್‌ವ್ಯಾಲಿಡ್‌ಆಪರೇಶನ್. ಅದು ವ್ಯಾಲ್ಯೂಎರರ್‌ನ ಮನೆತನದ್ದೇ ಅಲ್ಲ, ಅರಿತ್‌ಮೆಟಿಕ್‌ಎರರ್‌ನ ಕಡೆಯದು. ದುಡ್ಡಿನ ಲೆಕ್ಕಕ್ಕೆ ದಶಮಾಂಶವನ್ನು ಅಂದಾಜಾಗಿ ಇಡುವ ಫ್ಲೋಟ್ ಬೇಡ, ಡೆಸಿಮಲ್ ಬಳಸು ಅಂತ ಎಲ್ಲರೂ ಹೇಳ್ತಾರೆ, ಸರಿಯಾಗೇ ಹೇಳ್ತಾರೆ. ಆದರೆ ಅದು ಎಸೆಯುವ ಎಕ್ಸೆಪ್ಶನ್ ಬೇರೆ ಅಂತ ನನಗೆ ಯಾರೂ ಹೇಳಿರಲಿಲ್ಲ. (ಕನ್ನಡ ಅಂಕಿಗಳಿಂದ ತೊಂದರೆ ಆಗುತ್ತೇನೋ ಅಂತ ಹೆದರಿದ್ದೆ, ಆಗಲಿಲ್ಲ. ‘೧೨೫೦’ ಅಂತ ಕೊಟ್ಟರೂ ಇಂಟ್, ಡೆಸಿಮಲ್ ಎರಡೂ 1250 ಅಂತಲೇ ಓದುತ್ತವೆ. ಅದು ಗೊತ್ತಾದ ದಿನ ತುಂಬಾ ಸಂತೋಷ ಆಯ್ತು.)

ಕೊನೆಗೆ ಕೈಯಾರೆ ಓದುವುದನ್ನೇ ಬಿಟ್ಟು ಜಾಂಗೋದ ಫಾರ್ಮ್‌ಗೆ ಒಪ್ಪಿಸಿದೆ. ಅದರ ಡೆಸಿಮಲ್ ಫೀಲ್ಡ್ ಈ ಎಕ್ಸೆಪ್ಶನ್ ಅನ್ನು ತಾನೇ ಹಿಡಿದು ವ್ಯಾಲಿಡೇಶನ್‌ಎರರ್ ಮಾಡಿ ಕೊಡುತ್ತೆ. ಕಾಮಾ ತೆಗೆಯಲು ಆ ಫೀಲ್ಡ್‌ನ ಮೇಲೆ ನಾಲ್ಕು ಸಾಲಿನ ಸ್ವಂತ ಫೀಲ್ಡ್ ಕಟ್ಟಿಕೊಂಡೆ. ಬರೆಯುವವರ ಕೈತಪ್ಪಿಗೆ ಅದೇ ಜಾಗದಲ್ಲಿ, ಅದೇ ಪುಟದಲ್ಲಿ, ‘ದರ ಅಂಕಿಯಲ್ಲಿ ಬರೆಯಿರಿ’ ಅಂತ ಕೆಂಪಕ್ಷರ ಬಂದರೆ ಸಾಕು. 500 ಪುಟಕ್ಕೂ ಅದಕ್ಕೂ ಸಂಬಂಧ ಇಲ್ಲ.

ಈಗ ನಿಜವಾದ ಕಷ್ಟಕ್ಕೆ ಬರ್ತೀನಿ. ಒಂದು ಪಟ್ಟಿ ಉಳಿಸುವಾಗ ಮೊದಲು ಪಟ್ಟಿಯ ತಲೆಸಾಲು, ಆಮೇಲೆ ಒಂದೊಂದೇ ಲಾಟ್, ಆಮೇಲೆ ರೈತರ ಖಾತೆಯ ಬಾಕಿ, ಹೀಗೆ ಸಾಲಾಗಿ ಡೇಟಾಬೇಸ್‌ಗೆ ಹೋಗುತ್ತೆ. ನಡುವೆ ಬಿದ್ದರೆ ಅರ್ಧ ಪಟ್ಟಿ ಉಳಿಯುತ್ತೆ. ಇದಕ್ಕೆ ಜಾಂಗೋದಲ್ಲಿ ಅಟಾಮಿಕ್ ರಿಕ್ವೆಸ್ಟ್ಸ್ ಅನ್ನುವ ಸೆಟ್ಟಿಂಗ್ ಇದೆ. ಅದನ್ನು ಟ್ರೂ ಮಾಡಿದರೆ ಪ್ರತಿ ವ್ಯೂ (ಬ್ರೌಸರ್ ಕೇಳಿದ್ದಕ್ಕೆ ಉತ್ತರ ಕೊಡುವ ಕೋಡ್) ಒಂದು ಟ್ರಾನ್ಸಾಕ್ಷನ್ (ಉಳಿದರೆ ಎಲ್ಲವೂ ಉಳಿಯಬೇಕು, ಇಲ್ಲದಿದ್ದರೆ ಏನೂ ಉಳಿಯಬಾರದು ಅನ್ನುವ ಕಟ್ಟು) ಒಳಗೆ ಓಡುತ್ತೆ, ಎಕ್ಸೆಪ್ಶನ್ ಹೊರಗೆ ಬಂದರೆ ಎಲ್ಲವೂ ವಾಪಸ್. ಮಾಡಿದೆ. ಒಂದು ವಾರ ನೆಮ್ಮದಿ. ಮತ್ತೆ ಅರ್ಧ ಪಟ್ಟಿ ಸಿಕ್ಕಿತು, ಐದು ಲಾಟ್‌ನಲ್ಲಿ ಮೂರು ಮಾತ್ರ ಇದ್ದದ್ದು.

ಇಡೀ ಭಾನುವಾರ ತಲೆ ಕೆಡಿಸಿಕೊಂಡೆ. ತಪ್ಪು ನನ್ನ ಒಳ್ಳೆಯತನದಲ್ಲೇ ಇತ್ತು. ಗುಮಾಸ್ತರಿಗೆ ಒರಟು ಪುಟ ಕಾಣಬಾರದು ಅಂತ ವ್ಯೂ ಒಳಗೇ ಎಕ್ಸೆಪ್ಶನ್ ಹಿಡಿದು, ‘ಕ್ಷಮಿಸಿ, ಪಟ್ಟಿ ಆಗಲಿಲ್ಲ’ ಅಂತ ಚೆಂದದ ಪುಟ ಕಳಿಸುತ್ತಿದ್ದೆ. ಜಾಂಗೋ ಕಣ್ಣಿಗೆ ಏನು ಕಂಡಿತು? ವ್ಯೂ ಒಂದು ಉತ್ತರ ಕೊಟ್ಟಿತು, ಎಕ್ಸೆಪ್ಶನ್ ಹೊರಗೆ ಬರಲಿಲ್ಲ, ಅಂದಮೇಲೆ ಎಲ್ಲ ಸರಿಯಾಗಿದೆ. ಅದು ಕಮಿಟ್ ಮಾಡಿತು, ಅಂದರೆ ಬರೆದಷ್ಟನ್ನು ಖಾಯಂ ಮಾಡಿತು. ಪರದೆ ಮೇಲೆ ಆಗಲಿಲ್ಲ ಅಂತ ಇದೆ, ಡೇಟಾಬೇಸ್‌ನಲ್ಲಿ ಮುಕ್ಕಾಲು ಆಗಿದೆ. ಗುಮಾಸ್ತರ ಪ್ರಶ್ನೆಗೆ ನಾನು ಮೊದಲು ಉತ್ತರ ಕೊಟ್ಟಿರಲಿಲ್ಲ, ಈಗ ಸುಳ್ಳು ಉತ್ತರ ಕೊಡುತ್ತಿದ್ದೆ. ಇದು ಮೊದಲಿನದಕ್ಕಿಂತ ಕೆಟ್ಟದ್ದು.

ಅವತ್ತಿಂದ ವ್ಯೂ ಒಳಗೆ ಎಲ್ಲವನ್ನೂ ಹಿಡಿಯುವ ಎಕ್ಸೆಪ್ಟ್ ಒಂದೂ ಇಟ್ಟಿಲ್ಲ. ನನಗೆ ಹೆಸರು ಗೊತ್ತಿರುವ, ಏನು ಮಾಡಬೇಕು ಅಂತಲೂ ಗೊತ್ತಿರುವ ಎಕ್ಸೆಪ್ಶನ್ ಮಾತ್ರ ಹಿಡಿಯುತ್ತೇನೆ, ಉಳಿದದ್ದು ಮೇಲೆ ಹೋಗಲಿ. ಮೇಲೆ ಜಾಂಗೋ ಇದೆ. ಎಚ್‌ಟಿಟಿಪಿ404 ಬಂದರೆ 404 ಪುಟ (ಸಿಗಲಿಲ್ಲ), ಪರ್ಮಿಶನ್‌ಡಿನೈಡ್ ಬಂದರೆ 403 (ಅನುಮತಿ ಇಲ್ಲ), ರಿಕ್ವೆಸ್ಟೇ ಕೆಟ್ಟಿದೆ ಅನ್ನುವಂಥದ್ದು ಬಂದರೆ 400, ಉಳಿದದ್ದಕ್ಕೆಲ್ಲ 500, ಅದೇ ವಿಂಗಡಿಸುತ್ತೆ. ಸಿಗದ ಪಟ್ಟಿ ನಂಬರ್‌ಗೆ ಡಸ್‌ನಾಟ್‌ಎಕ್ಸಿಸ್ಟ್ ಹಿಡಿದು ಕೂರುವ ಬದಲು ಗೆಟ್ ಆಬ್ಜೆಕ್ಟ್ ಆರ್ 404 ಬರೆದರೆ ಒಂದೇ ಸಾಲು.

ಎರಡು ಸಲ ಒತ್ತುವುದರ ಕಥೆ ಬೇರೆ. ಇಲ್ಲಿ ಸರ್ವರ್‌ನಲ್ಲಿ ಎರರೇ ಇಲ್ಲದಿರಬಹುದು. ಹರಾಜಿನ ಹೊತ್ತಿಗೆ ಯಾರ್ಡ್‌ನಲ್ಲಿ ಮೊಬೈಲ್ ನೆಟ್‌ವರ್ಕ್ ಎಳೆದಾಡುತ್ತೆ. ಪಟ್ಟಿ ಉಳಿದಿರುತ್ತೆ, ಉತ್ತರ ಮಾತ್ರ ವಾಪಸ್ ಬಂದಿರೋದಿಲ್ಲ, ಗುಮಾಸ್ತರು ಮತ್ತೆ ಒತ್ತುತ್ತಾರೆ. ಒತ್ತಬೇಡಿ ಅಂತ ಹೇಳಿ ಪ್ರಯೋಜನ ಇಲ್ಲ, ಅವರ ಜಾಗದಲ್ಲಿ ನಾನಿದ್ದರೂ ಒತ್ತುತ್ತಿದ್ದೆ. ಅದಕ್ಕೆ ಫಾರ್ಮ್ ತೆರೆದಾಗಲೇ ಅದರಲ್ಲಿ ಒಂದು ಟೋಕನ್ (ಆ ಫಾರ್ಮ್‌ಗೆ ಮಾತ್ರ ಸೇರಿದ ಗುರುತು) ಬಚ್ಚಿಟ್ಟೆ, ಪಟ್ಟಿ ಟೇಬಲ್‌ನಲ್ಲಿ ಆ ಟೋಕನ್ ಯೂನಿಕ್, ಅಂದರೆ ಎರಡು ಸಲ ಇರಬಾರದು, ಅಂತ ಕಟ್ಟುಪಾಡು ಹಾಕಿದೆ. ಎರಡನೇ ಸಲ ಅದೇ ಟೋಕನ್ ಬಂದರೆ ಇಂಟೆಗ್ರಿಟಿಎರರ್ ಏಳುತ್ತೆ, ಅದನ್ನು ಹಿಡಿದು, ಮೊದಲು ಉಳಿದ ಪಟ್ಟಿಯನ್ನೇ ತೆರೆದು ತೋರಿಸುತ್ತೇನೆ. ಆ ಟೋಕನ್‌ನ ಪಟ್ಟಿ ಸಿಗದಿದ್ದರೆ ಎರರ್ ಬೇರೆ ಕಾರಣಕ್ಕೆ ಬಂದಿದೆ ಅಂತ ಅರ್ಥ, ಆಗ ಅದನ್ನು ಹಾಗೇ ರೈಸ್ ಮಾಡಿ ಮೇಲೆ ಕಳಿಸುತ್ತೇನೆ.

ಇಲ್ಲೂ ಒಮ್ಮೆ ಮುಗ್ಗರಿಸಿದೆ. ಇಂಟೆಗ್ರಿಟಿಎರರ್ ಹಿಡಿದ ಮೇಲೆ ಹಳೆಯ ಪಟ್ಟಿ ಹುಡುಕಲು ಹೋದರೆ ಟ್ರಾನ್ಸಾಕ್ಷನ್‌ಮ್ಯಾನೇಜ್‌ಮೆಂಟ್‌ಎರರ್ ಬಂತು. ಟ್ರಾನ್ಸಾಕ್ಷನ್ ಒಳಗೆ ಒಂದು ಕ್ವೆರಿ (ಡೇಟಾಬೇಸ್‌ಗೆ ಕಳಿಸುವ ಆದೇಶ) ಕೆಟ್ಟರೆ, ಆ ಅಟಾಮಿಕ್ ಬ್ಲಾಕ್ (ಟ್ರಾನ್ಸಾಕ್ಷನ್ ಒಳಗಿನ ಸಾಲುಗಳ ಗುಂಪು) ಮುಗಿಯುವವರೆಗೆ ಇನ್ನೊಂದು ಕ್ವೆರಿಗೆ ಜಾಂಗೋ ಬಿಡೋದಿಲ್ಲ. ಹಾಗಾಗಿ ಉಳಿಸುವ ಸಾಲುಗಳ ಸುತ್ತ ಮಾತ್ರ ಇನ್ನೊಂದು ಅಟಾಮಿಕ್ ಬ್ಲಾಕ್ ಹಾಕಿ, ಟ್ರೈ ಅದರ ಹೊರಗೆ ಇರುವಂತೆ ಬರೆಯಬೇಕು. ಒಳಗಿನ ಬ್ಲಾಕ್ ಸೇವ್‌ಪಾಯಿಂಟ್ ಆಗುತ್ತೆ. ಕೆಟ್ಟರೆ ಅಲ್ಲಿಯವರೆಗೆ ಮಾತ್ರ ವಾಪಸ್, ಹೊರಗಿನದು ಜೀವಂತ. ಟ್ರೈ ಒಳಗಿರಬೇಕೋ ಹೊರಗಿರಬೇಕೋ ಅನ್ನುವ ಒಂದು ಸಾಲಿನ ವ್ಯತ್ಯಾಸ, ಆದರೆ ಅರ್ಥ ಆಗಲು ನನಗೆ ಎರಡು ದಿನ ಬೇಕಾಯ್ತು.

ಇನ್ನು 500 ಪುಟ. ಮೊದಲು ಅದನ್ನೂ ಉಳಿದ ಪುಟಗಳ ಹಾಗೆ ಬೇಸ್ ಟೆಂಪ್ಲೇಟ್ (ಎಲ್ಲ ಪುಟಗಳಿಗೂ ಒಂದೇ ಅಚ್ಚು) ಮೇಲೆ ಕಟ್ಟಿದ್ದೆ. ಬೇಸ್‌ನ ಮೆನುವಿನಲ್ಲಿ ‘ಇವತ್ತಿನ ಪಟ್ಟಿ ಎಷ್ಟು’ ಅಂತ ಡೇಟಾಬೇಸ್‌ನಿಂದ ಎಣಿಸುವ ಒಂದು ಟ್ಯಾಗ್ ಇತ್ತು. ಡೇಟಾಬೇಸೇ ನಿಂತುಹೋದ ದಿನ ಎರರ್ ಪುಟವೂ ಎರರ್ ಕೊಟ್ಟಿತು. ಜಾಂಗೋದ 500 ವ್ಯೂ ಟೆಂಪ್ಲೇಟ್‌ಗೆ ಯಾವ ಮಾಹಿತಿಯನ್ನೂ ಕೊಡದೆ ಇರೋದು ಇಂಥದಕ್ಕೇ ಅಂತ ಆಗ ಅರ್ಥ ಆಯ್ತು. ಈಗ ಅದು ಒಂಟಿ ಪುಟ. ಸ್ಟೈಲ್ ಕೂಡ ಅದರೊಳಗೇ ಇದೆ, ಹೊರಗಿನಿಂದ ಏನೂ ಬೇಡ.

ಆ ಪುಟದ ಮಾತಿಗೆ ನಾನು ಕೋಡ್‌ಗಿಂತ ಜಾಸ್ತಿ ಹೊತ್ತು ಕೊಟ್ಟಿದ್ದೇನೆ. ‘ಪಟ್ಟಿ ಆಗಿಲ್ಲ. ಮತ್ತೆ ಒತ್ತಿ, ಎರಡು ಸಲ ಆಗುವುದಿಲ್ಲ.’ ಇಷ್ಟೇ ಬರೆದೆ. ಆಮೇಲೆ ಇನ್ನೊಂದು ಗೊತ್ತಾಯ್ತು. ಪಟ್ಟಿ ಉಳಿದ ಮೇಲೆ ಪ್ರಿಂಟ್ ಪುಟಕ್ಕೆ ಹೋಗುತ್ತೆ, ಅದು ಬೇರೆ ರಿಕ್ವೆಸ್ಟ್. ಅಲ್ಲಿ ಬಿದ್ದರೂ ಇದೇ ಮಾತು ಕಾಣುತ್ತಿತ್ತು, ಆಗ ಅದು ಸುಳ್ಳು. ಅದಕ್ಕೆ 500 ಪುಟ ಕೊಡುವ ಹ್ಯಾಂಡ್ಲರ್500 ಅನ್ನು ನಾನೇ ಬರೆದೆ. ಬಂದದ್ದು ಪೋಸ್ಟ್ (ಫಾರ್ಮ್ ಕಳಿಸುವ ರಿಕ್ವೆಸ್ಟ್) ಆದರೆ ಮೇಲಿನ ಮಾತು, ಗೆಟ್ (ಪುಟ ತೆರೆಯುವ ರಿಕ್ವೆಸ್ಟ್) ಆದರೆ ‘ಪುಟ ತೆರೆಯಲಿಲ್ಲ. ಉಳಿಸಿದ ಪಟ್ಟಿ ಹಾಗೇ ಇದೆ.’ ಜೊತೆಗೆ ಒಂದು ಗುರುತಿನ ನಂಬರ್. ಪ್ರತಿ ರಿಕ್ವೆಸ್ಟ್‌ಗೂ ಮಿಡಲ್‌ವೇರ್ (ವ್ಯೂಗೆ ಮೊದಲು ಓಡುವ ಕೋಡ್) ಅದನ್ನು ಕೊಡುತ್ತೆ, ಲಾಗ್‌ನ ಪ್ರತಿ ಸಾಲಿನಲ್ಲೂ ಅದು ಇರುತ್ತೆ. ಮೊದಲು 36 ಅಕ್ಷರದ ಉದ್ದ ಗುರುತು ಇಟ್ಟಿದ್ದೆ. ಹರಾಜಿನ ಗಲಾಟೆಯಲ್ಲಿ ಫೋನ್‌ನಲ್ಲಿ ಯಾರು ಓದುತ್ತಾರೆ ಅದನ್ನ? ಈಗ ಐದು ಅಂಕಿ. ತಾರೀಖಿನ ಜೊತೆ ಹುಡುಕಿದರೆ ಸಿಗುತ್ತೆ.

ನನ್ನ ಕಡೆಯ ವ್ಯವಸ್ಥೆ ಬಗ್ಗೆ ಜಾಸ್ತಿ ಹೇಳೋದಿಲ್ಲ. ಡಿಬಗ್ ಅನ್ನುವ ಸೆಟ್ಟಿಂಗ್ ಅನ್ನು ಫಾಲ್ಸ್ ಮಾಡದೆ ಸರ್ವರ್‌ಗೆ ಏರಿಸಬೇಡಿ. ಅದು ಟ್ರೂ ಇದ್ದಾಗ ಎರರ್ ಬಂದರೆ ಜಾಂಗೋ ತೋರಿಸುವ ಹಳದಿ ಪುಟ ಪಾಸ್‌ವರ್ಡ್‌ನಂಥ ಸೆಟ್ಟಿಂಗ್‌ಗಳನ್ನು ಮುಚ್ಚಿ ತೋರಿಸುತ್ತೆ ನಿಜ, ಆದರೆ ಫಂಕ್ಷನ್ ಒಳಗಿನ ವೇರಿಯಬಲ್‌ಗಳನ್ನು ಹಾಗೇ ಬಿಚ್ಚಿಡುತ್ತೆ. ರೈತರ ಬ್ಯಾಂಕ್ ಖಾತೆ ನಂಬರ್ ಅಲ್ಲೇ ಇರುತ್ತೆ. ಅಡ್ಮಿನ್ಸ್ ಅನ್ನುವ ಸೆಟ್ಟಿಂಗ್‌ನಲ್ಲಿ ನಿಮ್ಮ ಇಮೇಲ್ ಹಾಕಿ ಮೇಲ್ ಸರ್ವರ್ ಕೊಟ್ಟರೆ ಪ್ರತಿ 500ಕ್ಕೂ ಒಂದು ಮೇಲ್ ಬರುತ್ತೆ. ಸಣ್ಣ ಅಪ್ಲಿಕೇಶನ್‌ಗೆ ಸಾಕು. ಡೇಟಾಬೇಸ್ ನಿಂತ ದಿನ ಮಾತ್ರ ಮೇಲ್‌ಗಳ ರಾಶಿ ಬಿದ್ದು, ಅದರಡಿ ಬೇರೆ ಕಾರಣದ ಒಂದು ಮೇಲ್ ಮುಚ್ಚಿಹೋಗಿತ್ತು. ಈಗ ಒಂದೇ ಥರದ್ದು ಹತ್ತು ನಿಮಿಷಕ್ಕೆ ಒಂದೇ ಸಲ ಬರುವಂತೆ ಲಾಗಿಂಗ್‌ನಲ್ಲಿ ಒಂದು ಫಿಲ್ಟರ್ ಬರೆದಿದ್ದೇನೆ.

ಕೊನೆಗೆ ಸಿಕ್ಕಿದ್ದು ಎಸ್‌ಎಂಎಸ್. ಪಟ್ಟಿ ಉಳಿಸುವ ನಡುವೆಯೇ ರೈತರಿಗೆ ಮೆಸೇಜ್ ಕಳಿಸುತ್ತಿದ್ದೆ. ಆಮೇಲೆ ಎಕ್ಸೆಪ್ಶನ್ ಬಂದು ಎಲ್ಲ ವಾಪಸ್ ಆದರೂ ಮೆಸೇಜ್ ವಾಪಸ್ ಬರೋದಿಲ್ಲ ಅಲ್ವಾ? ಪಟ್ಟಿ ಇಲ್ಲ, ರೈತರ ಫೋನ್‌ನಲ್ಲಿ ಮಾತ್ರ ದುಡ್ಡಿನ ಮೊತ್ತ ಇದೆ. ಅದನ್ನು ಆನ್ ಕಮಿಟ್‌ಗೆ ಸಾಗಿಸಿದೆ, ಅಂದರೆ ಕಮಿಟ್ ಆದ ಮೇಲೆಯೇ ಕಳಿಸು ಅಂತ. ಅಲ್ಲೂ ಒಂದು ತೊಡಕು ಇತ್ತು. ಕಮಿಟ್ ಆದ ಮೇಲೆ ಎಸ್‌ಎಂಎಸ್ ಕಳಿಸುವ ಫಂಕ್ಷನ್ ಬಿದ್ದರೆ ಆ ಎಕ್ಸೆಪ್ಶನ್ ಮೇಲೆ ಬಂದು 500 ಪುಟ ತೋರಿಸುತ್ತೆ. ಪೋಸ್ಟ್ ಆದ್ದರಿಂದ ನನ್ನ ಪುಟ ‘ಪಟ್ಟಿ ಆಗಿಲ್ಲ’ ಅನ್ನುತ್ತೆ, ಪಟ್ಟಿ ಆಗಿರುತ್ತೆ. ಜಾಂಗೋ 4.2ರಿಂದ ಆನ್ ಕಮಿಟ್‌ಗೆ ರೋಬಸ್ಟ್ ಅನ್ನುವ ಆಯ್ಕೆ ಇದೆ. ಅದನ್ನು ಟ್ರೂ ಮಾಡಿದರೆ ಆ ಎರರ್ ಲಾಗ್‌ಗೆ ಮಾತ್ರ ಹೋಗುತ್ತೆ, ಗುಮಾಸ್ತರಿಗೆ ಪಟ್ಟಿ ತೆರೆಯುತ್ತೆ. ಹೋಗದ ಮೆಸೇಜ್‌ಗಳನ್ನು ಒಂದು ಟೇಬಲ್‌ನಲ್ಲಿ ಇಟ್ಟು ಸಂಜೆ ಮತ್ತೆ ಕಳಿಸುತ್ತೇನೆ.

ಮೊನ್ನೆ ಗುಮಾಸ್ತರ ಫೋನ್ ಬಂತು. “ಐದು ಅಂಕಿ ಬರೆದುಕೋಪ್ಪಾ” ಅಂತ ನಂಬರ್ ಓದಿದರು. ಪಟ್ಟಿ ಏನಾಯ್ತಣ್ಣ ಅಂತ ಕೇಳಿದೆ. “ಆಗಿಲ್ಲ ಅಂತ ಅದೇ ಹೇಳ್ತು, ಮತ್ತೆ ಒತ್ತಿದೆ, ಆಯ್ತು. ರೈತರು ಹೊರಟೂ ಹೋದ್ರು. ನೀನು ನಿಧಾನವಾಗಿ ನೋಡು.”