ರಾಗಿಯನ್ನು ಪೂರ್ತಿ ಉಣ್ಣುವುದು: ಕಾಳು ಆರಿಸುವುದರಿಂದ ಮುದ್ದೆ ನುಂಗುವವರೆಗೆ

ರಾಗಿ ಕಾಳು ತೀರ ಸಣ್ಣದು. ಅದರ ಕೆಂಪು ಸಿಪ್ಪೆಯನ್ನು ಅಕ್ಕಿಯ ತೌಡಿನಂತೆ ಸುಲಭವಾಗಿ ಬಿಡಿಸಿ ಪಾಲಿಶ್ ಮಾಡಲು ಬರುವುದಿಲ್ಲ. ಹಾಗಾಗಿ ಬೀಸಿದಾಗ ಸಿಪ್ಪೆ, ಮೊಳೆಯುವ ಭಾಗ, ಒಳಗಿನ ಪಿಷ್ಟ ಎಲ್ಲವೂ ಹಿಟ್ಟಿಗೇ ಬರುತ್ತವೆ. ನೂರು ಗ್ರಾಂ ರಾಗಿಯಲ್ಲಿ ಸುಮಾರು 340ರಿಂದ 360 ಮಿಲಿಗ್ರಾಂ ಕ್ಯಾಲ್ಸಿಯಂ, 11 ಗ್ರಾಂ ನಾರು, 7 ಗ್ರಾಂ ಪ್ರೋಟೀನ್ ಇದೆ. ಕ್ಯಾಲ್ಸಿಯಂ ಮತ್ತು ನಾರಿನ ದೊಡ್ಡ ಪಾಲು ಸಿಪ್ಪೆಯಲ್ಲೇ ಇರುವುದು. ಆ ಸಿಪ್ಪೆಯನ್ನು ಬಟ್ಟೆಯಲ್ಲಿ ಸೋಸಿ ಚೆಲ್ಲಿದರೆ, ಅಥವಾ ಸಕ್ಕರೆ ಬೆರೆಸಿದ ಮಾಲ್ಟ್ ಪೊಟ್ಟಣವನ್ನೇ ರಾಗಿ ಎಂದುಕೊಂಡು ಕುಡಿದರೆ ಸಿಗಬೇಕಾದ್ದು ಸಿಗುವುದಿಲ್ಲ. ಪೂರ್ತಿ ಕಾಳಿನಿಂದ ಶುರು ಮಾಡಿ, ಹದವಾಗಿ ಬೇಯಿಸಿ, ಸೊಪ್ಪು ಕಾಳಿನ ಜೊತೆ, ಕೂತು ನಿಧಾನವಾಗಿ ಉಣ್ಣಬೇಕು. ಅದನ್ನು ಮಾಡುವ ಬಗೆ ಇಲ್ಲಿದೆ.

ಕಾಳು ಮತ್ತು ಹಿಟ್ಟು

ಹಿಟ್ಟು ಕೊಳ್ಳುವುದಕ್ಕಿಂತ ಕಾಳು ಕೊಳ್ಳುವುದು ಮೇಲು. ಒಣಗಿದ ರಾಗಿಗೆ ಹುಳು ಬೀಳುವುದು ಅಪರೂಪ. ಹಿಂದೆ ನೆಲದೊಳಗಿನ ಹಗೇವುಗಳಲ್ಲಿ ವರ್ಷಗಟ್ಟಲೆ ಇಟ್ಟು ಬರಗಾಲಕ್ಕೆ ತೆಗೆಯುತ್ತಿದ್ದರು. ಹಿಟ್ಟು ಹಾಗಲ್ಲ, ಬೀಸಿದ ಮೇಲೆ ಅದರ ಕೊಬ್ಬಿನಂಶಕ್ಕೆ ಗಾಳಿ ತಾಗಿ ತಿಂಗಳು ಎರಡು ತಿಂಗಳಲ್ಲಿ ಕಮಟು ವಾಸನೆ, ಕಹಿ ಬರುತ್ತದೆ. ನಾಲ್ಕು ಜನರ ಮನೆಯಲ್ಲಿ ಒಂದು ಸಲಕ್ಕೆ ಎರಡು ಮೂರು ಕಿಲೋ ಬೀಸಿಸಿ, ಇಪ್ಪತ್ತು ಮೂವತ್ತು ದಿನದಲ್ಲಿ ಮುಗಿಸಿ. ಹೊರದೇಶದಲ್ಲಿರುವವರಿಗೆ ಅಂಗಡಿಯಲ್ಲಿ ಸಿಗುವ ಹಿಟ್ಟು ಎಷ್ಟು ಹಳೆಯದೋ ತಿಳಿಯುವುದಿಲ್ಲ. ಪೊಟ್ಟಣ ಒಡೆದಾಗ ಕಮಟು ವಾಸನೆ ಬಂದರೆ ಅದರಲ್ಲಿ ಮುದ್ದೆ ಮಾಡಬೇಡಿ, ಎಷ್ಟು ಬೇಯಿಸಿದರೂ ಕಹಿ ಹೋಗುವುದಿಲ್ಲ.

ಕೊಳ್ಳುವಾಗ ಒಂದು ಹಿಡಿ ಕಾಳನ್ನು ಅಂಗೈಯಲ್ಲಿ ಉಜ್ಜಿ ಮೂಸಿ ನೋಡಿ. ಬೂಸಲು ವಾಸನೆ ಇರಬಾರದು. ನಾಲ್ಕು ಕಾಳು ಕಡಿದರೆ ಕಟಕ್ಕೆಂದು ಒಡೆಯಬೇಕು, ಮೆತ್ತಗಿದ್ದರೆ ಇನ್ನೂ ಹಸಿಯಾಗಿದೆ ಎಂದರ್ಥ. ಮನೆಗೆ ತಂದು ಮೊರದಲ್ಲಿ ಕೇರಿ ಹೊಟ್ಟು, ದೂಳು ತೆಗೆಯಿರಿ. ಆಮೇಲೆ ನಾಲ್ಕು ನೀರಿನಲ್ಲಿ ತೊಳೆಯಿರಿ. ಕೊನೆಯ ನೀರಿನಲ್ಲಿ ಅಕ್ಕಿ ಜಾಲಿಸುವಂತೆ ಪಾತ್ರೆಯನ್ನು ಓರೆಯಾಗಿ ಆಡಿಸುತ್ತಾ ಕಾಳನ್ನು ಸ್ವಲ್ಪ ಸ್ವಲ್ಪವಾಗಿ ಬೇರೆ ಪಾತ್ರೆಗೆ ಹರಿಸಿ. ಮರಳು, ಕಲ್ಲು ತಳದಲ್ಲಿ ನಿಲ್ಲುತ್ತದೆ. ಅವಸರದಲ್ಲಿ ಈ ಕೆಲಸ ಬಿಟ್ಟರೆ ಮುದ್ದೆಯಲ್ಲಿ ಕರಕರ ಸಿಗುತ್ತದೆ, ಆಮೇಲೆ ಅದಕ್ಕೆ ಪರಿಹಾರವಿಲ್ಲ. ತೊಳೆದ ಕಾಳನ್ನು ಬಟ್ಟೆಯ ಮೇಲೆ ತೆಳ್ಳಗೆ ಹರಡಿ ಒಂದು ಪೂರ್ತಿ ದಿನದ ಬಿಸಿಲಿನಲ್ಲಿ ಒಣಗಿಸಿ. ಮತ್ತೆ ಕಡಿದು ನೋಡಿ, ಕಟಕ್ಕೆಂದರೆ ಮಿಲ್ಲಿಗೆ ಒಯ್ಯಿರಿ.

ಮಿಲ್ಲಿನಲ್ಲಿ ಮೆಣಸಿನಕಾಯಿ ಬೀಸಿದ ಕೂಡಲೇ ನಿಮ್ಮ ಕಾಳು ಹಾಕಿಸಬೇಡಿ. ಮನೆಯಲ್ಲಿ ಯಾರಿಗಾದರೂ ಗ್ಲೂಟನ್ ಆಗದಿದ್ದರೆ ಗೋಧಿ ಬೀಸುವ ಕಲ್ಲಿನಲ್ಲಿ ಬೀಸಿಸಲೇಬಾರದು. ರಾಗಿಯಲ್ಲಿ ಗ್ಲೂಟನ್ ಇಲ್ಲ, ಆದರೆ ಕಲ್ಲಿಗಂಟಿದ ಗೋಧಿಹಿಟ್ಟಿನಲ್ಲಿ ಇರುತ್ತದೆ. ಬೀಸಿದ ಹಿಟ್ಟು ಕೈಗೆ ಬಿಸಿ ಹತ್ತುವಷ್ಟು ಕಾದಿರುತ್ತದೆ. ಹಾಗೇ ಡಬ್ಬಿಗೆ ತುಂಬಿ ಮುಚ್ಚಳ ಹಾಕಿದರೆ ಒಳಗೆ ಬೆವರಿ ಗಂಟು ಕಟ್ಟುತ್ತದೆ, ಬೂಷ್ಟು ಹಿಡಿಯುತ್ತದೆ. ಅಗಲವಾದ ತಟ್ಟೆಯಲ್ಲಿ ಹರಡಿ ಪೂರ್ತಿ ಆರಿದ ಮೇಲೆಯೇ ತುಂಬಿ. ಕಡ್ಡಿ, ಕಸ ಕಂಡರೆ ದೊಡ್ಡ ಕಣ್ಣಿನ ಜರಡಿ ಸಾಕು.

ಮುದ್ದೆ

ಮೂರು ಮಧ್ಯಮ ಗಾತ್ರದ ಮುದ್ದೆಗೆ ಎರಡು ಕಪ್ ಹಿಟ್ಟು, ಮೂರೂವರೆ ಕಪ್ ನೀರು. ಪಕ್ಕದ ಒಲೆಯಲ್ಲಿ ಇನ್ನರ್ಧ ಕಪ್ ನೀರು ಕುದಿಯುತ್ತಿರಲಿ. ಹಿಟ್ಟಿನ ಹಳತು, ಬೀಸಿದ ನುಣುಪು ನೋಡಿಕೊಂಡು ನೀರು ಹೆಚ್ಚು ಕಡಿಮೆ ಆಗುತ್ತದೆ, ಆಗ ಆ ಬಿಸಿನೀರು ಕೈಗೆ ಸಿಗುತ್ತದೆ. ಪಾತ್ರೆ ದಪ್ಪ ತಳದ್ದು, ಎತ್ತರದ್ದು ಇರಲಿ. ಮುದ್ದೆ ಕೋಲು ಇಲ್ಲದಿದ್ದರೆ ಗಟ್ಟಿಯಾದ ಮರದ ಸೌಟಿನ ಹಿಡಿಯಾದರೂ ಸರಿ.

ಮೊದಲು ಎರಡು ಚಮಚ ಹಿಟ್ಟನ್ನು ಕಾಲು ಕಪ್ ತಣ್ಣೀರಿನಲ್ಲಿ ಗಂಟಿಲ್ಲದೆ ಕಲಸಿ. ಒಲೆಯ ಮೇಲಿನ ನೀರು ಬೆಚ್ಚಗಾದಾಗ ಇದನ್ನು ಸುರಿದು ತಿರುವುತ್ತಾ ಇರಿ. ನೀರು ತೆಳು ಗಂಜಿಯಂತಾಗಿ ಕುದಿಯುತ್ತದೆ. ಬೇಕಿದ್ದರೆ ಅರ್ಧ ಚಮಚ ಉಪ್ಪು. ಜೋರಾಗಿ ಕುದಿ ಬಂದಾಗ ಉಳಿದ ಹಿಟ್ಟನ್ನು ನಡುವೆ ಗುಡ್ಡೆಯಾಗಿ ಸುರಿಯಿರಿ. ಈಗ ತಿರುವಬೇಡಿ. ಕೋಲಿನಿಂದ ಗುಡ್ಡೆಯ ನಡುವೆ ಮೂರು ನಾಲ್ಕು ತೂತು ಮಾಡಿ, ಕುದಿಯುವ ನೀರು ತೂತಿನಿಂದ ಮೇಲೆ ಉಕ್ಕಿ ಬರಲಿ. ಅರ್ಧ ಮುಚ್ಚಳ ಮುಚ್ಚಿ ಮಧ್ಯಮ ಉರಿಯಲ್ಲಿ ಐದಾರು ನಿಮಿಷ ಬಿಡಿ. ಬಿಳಿಚಿಕೊಂಡಿದ್ದ ಗುಡ್ಡೆ ಹೆಚ್ಚುಕಡಿಮೆ ಪೂರ್ತಿ ನೆನೆದು ಕಂದು ಬಣ್ಣಕ್ಕೆ ತಿರುಗುತ್ತದೆ.

ಉರಿ ಸಣ್ಣಗೆ ಮಾಡಿ, ಪಾತ್ರೆಯನ್ನು ಇಕ್ಕಳದಿಂದಲೋ ದಪ್ಪ ಬಟ್ಟೆಯಿಂದಲೋ ಗಟ್ಟಿಯಾಗಿ ಹಿಡಿದು ತೊಳಸಿ. ಹಿಟ್ಟನ್ನು ಪಾತ್ರೆಯ ಗೋಡೆಗೆ ಒತ್ತಿ ಒತ್ತಿ ತಿರುವಬೇಕು, ಬರೀ ಸುತ್ತಿಸಿದರೆ ಗಂಟು ಒಡೆಯುವುದಿಲ್ಲ. ಎರಡು ಮೂರು ನಿಮಿಷದ ಕೆಲಸ, ಎರಡೂ ಕೈ ಬೇಕು, ಕಣ್ಣೂ ಅಲ್ಲೇ ಇರಬೇಕು. ಫೋನ್ ಬೇರೆ ಕೋಣೆಯಲ್ಲಿರಲಿ. ನಡುವೆ ಕೈ ಬಿಟ್ಟರೆ ಬಿಟ್ಟ ಜಾಗದಲ್ಲೇ ಗಂಟು ಕೂರುತ್ತದೆ. ಹಿಟ್ಟಿನ ಹದ ಬದಲಾಗುವುದು ಕೋಲಿನ ಮೂಲಕ ಕೈಗೆ ತಿಳಿಯುತ್ತದೆ: ಮೊದಲು ಜಾರುತ್ತದೆ, ಆಮೇಲೆ ಬಿಗಿಯುತ್ತದೆ, ಕೊನೆಗೆ ಪಾತ್ರೆಯ ಗೋಡೆ ಬಿಟ್ಟು ಒಂದೇ ಉಂಡೆಯಾಗಿ ಕೋಲಿನ ಜೊತೆ ತಿರುಗುತ್ತದೆ. ಆ ಹೊತ್ತಿಗೆ ಮನಸ್ಸೂ ಬೇರೆ ಕಡೆ ಓಡುವುದನ್ನು ಬಿಟ್ಟಿರುತ್ತದೆ. ಮುಚ್ಚಿ, ಅತಿ ಸಣ್ಣ ಉರಿಯಲ್ಲಿ ಇನ್ನೆರಡು ನಿಮಿಷ ಹಬೆಯಲ್ಲಿ ಬಿಡಿ. ಒದ್ದೆ ಬೆರಳಿನಿಂದ ಮುಟ್ಟಿದರೆ ಅಂಟಬಾರದು, ಮೇಲ್ಮೈ ಹೊಳೆಯಬೇಕು. ಒದ್ದೆ ಮಾಡಿದ ಮಣೆ ಅಥವಾ ತಟ್ಟೆಗೆ ಸುರಿದು, ತಣ್ಣೀರಿನಲ್ಲಿ ಕೈ ಅದ್ದಿಕೊಂಡು ಬಿಸಿಯಿರುವಾಗಲೇ ಕಟ್ಟಿ.

ಕೆಡುವುದು ಸಾಮಾನ್ಯವಾಗಿ ನಾಲ್ಕು ಬಗೆಯಲ್ಲಿ. ಒಳಗೆ ಬಿಳಿ ಹಿಟ್ಟಿನ ಗಂಟು ಸಿಕ್ಕರೆ, ಗುಡ್ಡೆ ನೆನೆಯುವ ಮೊದಲೇ ತಿರುವಿದ್ದೀರಿ, ಇಲ್ಲವೇ ನಡುವೆ ತಣ್ಣೀರು ಹಾಕಿದ್ದೀರಿ. ಹಲ್ಲಿಗೆ ಅಂಟಿ ಹಸಿ ವಾಸನೆ ಬಂದರೆ ಬೆಂದಿಲ್ಲ. ಬಿರುಕು ಬಿಟ್ಟರೆ ನೀರು ಸಾಲದು, ತೊಳಸುವಾಗಲೇ ಕುದಿನೀರು ಚಿಮುಕಿಸಬೇಕಿತ್ತು. ನೀರಾಗಿ ಹರಡಿಕೊಂಡರೆ ಹಲವರು ಮೇಲೆ ಒಣಹಿಟ್ಟು ಸುರಿಯುತ್ತಾರೆ. ಅದು ತಪ್ಪು, ಆ ಹಿಟ್ಟು ಹಸಿಯಾಗಿಯೇ ಉಳಿದು ಹೊಟ್ಟೆ ಭಾರವಾಗುತ್ತದೆ. ಮುಚ್ಚಳ ತೆಗೆದು ಸಣ್ಣ ಉರಿಯಲ್ಲಿ ಇನ್ನೂ ನಾಲ್ಕೈದು ನಿಮಿಷ ತಿರುವಿದರೆ ನೀರು ಇಂಗಿ ಹದಕ್ಕೆ ಬರುತ್ತದೆ.

ಜೊತೆಗೆ ಬಸ್ಸಾರು

ಬರೀ ಮುದ್ದೆ ಪೂರ್ಣ ಊಟವಲ್ಲ. ರಾಗಿಯ ಪ್ರೋಟೀನ್‌ನಲ್ಲಿ ದೇಹಕ್ಕೆ ಬೇಕಾದ ಲೈಸಿನ್ ಎಂಬ ಅಮೈನೋ ಆಮ್ಲ ಕಡಿಮೆ, ಬೇಳೆಕಾಳಿನಲ್ಲಿ ಅದು ಹೇರಳ. ಕಾಳು, ಸೊಪ್ಪು ಎರಡೂ ಸೇರುವ ಬಸ್ಸಾರಿಗಿಂತ ಒಳ್ಳೆಯ ಜೊತೆ ಮುದ್ದೆಗೆ ಇಲ್ಲ. ಸೊಪ್ಪು ಬೆಂದ ನೀರಿಗಿಳಿದ ಸತ್ವ ಚೆಲ್ಲಿಹೋಗದೆ ಸಾರಾಗುವುದು ಇದರ ಹೆಚ್ಚುಗಾರಿಕೆ.

ನಾಲ್ಕು ಜನಕ್ಕೆ ಒಂದು ಕಪ್ ತೊಗರಿಬೇಳೆ ಅಥವಾ ನೆನೆಸಿದ ಅಲಸಂದೆ ಕಾಳು, ದಂಟಿನ ಸೊಪ್ಪು, ಸಬ್ಬಸಿಗೆ, ಹರಿವೆ ಅಥವಾ ಬೆರಕೆ ಸೊಪ್ಪು ಎರಡು ದೊಡ್ಡ ಕಟ್ಟು. ಬೇಳೆಯನ್ನು ಆರು ಕಪ್ ನೀರಿನಲ್ಲಿ ತೆರೆದ ಪಾತ್ರೆಯಲ್ಲೇ ಮುಕ್ಕಾಲು ಬೇಯಿಸಿ. ಕುಕ್ಕರ್‌ನಲ್ಲಿ ಕರಗಿಹೋದರೆ ಬಸಿಯಲು ಬರುವುದಿಲ್ಲ. ಹೆಚ್ಚಿದ ಸೊಪ್ಪು, ಉಪ್ಪು ಹಾಕಿ ಐದಾರು ನಿಮಿಷ ಬೇಯಿಸಿ, ಬೆಂದ ನೀರನ್ನು ಬಸಿದುಕೊಳ್ಳಿ. ಹುರಿದ ಒಣಮೆಣಸಿನಕಾಯಿ ಐದು, ಬೆಳ್ಳುಳ್ಳಿ ಆರು ಎಸಳು, ಸುಟ್ಟ ಈರುಳ್ಳಿ ಒಂದು, ಜೀರಿಗೆ ಒಂದು ಚಮಚ, ಕಾಳುಮೆಣಸು ಅರ್ಧ ಚಮಚ, ತೆಂಗಿನತುರಿ ಎರಡು ಚಮಚ, ಗೋಲಿ ಗಾತ್ರದ ಹುಣಸೆಹಣ್ಣು, ಬೆಂದ ಸೊಪ್ಪು ಬೇಳೆಯ ಒಂದು ಸೌಟು ಸೇರಿಸಿ ರುಬ್ಬಿ. ಬಸಿದ ನೀರಿಗೆ ಹಾಕಿ ಐದು ನಿಮಿಷ ಕುದಿಸಿ. ಉಳಿದ ಸೊಪ್ಪು ಬೇಳೆಗೆ ಸಾಸಿವೆ, ಬೆಳ್ಳುಳ್ಳಿ ಒಗ್ಗರಣೆ, ಮೇಲೆ ತೆಂಗಿನತುರಿ, ಅದೇ ಪಲ್ಯ. ಪಲ್ಯಕ್ಕೆ ನಿಂಬೆಹುಳಿ ಹಿಂಡಿಕೊಂಡರೆ ಅದರ ವಿಟಮಿನ್ ಸಿ ಸೊಪ್ಪು, ರಾಗಿಯ ಕಬ್ಬಿಣವನ್ನು ದೇಹ ಹೀರಿಕೊಳ್ಳಲು ನೆರವಾಗುತ್ತದೆ. ಊಟವಾದ ಕೂಡಲೇ ಕಾಫಿ, ಟೀ ಕುಡಿದರೆ ಅದಕ್ಕೇ ಅಡ್ಡಿ. ಒಂದು ಗಂಟೆಯಾದರೂ ತಡೆಯಿರಿ.

ಉಣ್ಣುವ ಬಗೆ

ಮುದ್ದೆಯನ್ನು ಇನ್ನೊಂದು ಕೆಲಸ ಮಾಡುತ್ತಾ ಉಣ್ಣಲು ಬರುವುದಿಲ್ಲ. ಬಿಸಿ ಮುದ್ದೆಯ ಅಂಚಿನಿಂದ ಸಣ್ಣ ತುತ್ತು ಮುರಿದು, ಬೆರಳಲ್ಲೇ ಉಂಡೆ ಮಾಡಿ, ಸಾರಿನಲ್ಲಿ ಹೊರಳಿಸಿ, ನಾಲಗೆಯ ಹಿಂದಕ್ಕೆ ಇಟ್ಟು ನುಂಗಬೇಕು. ಅಗಿದರೆ ಹಲ್ಲಿಗೆ ಮೆತ್ತಿಕೊಳ್ಳುತ್ತದೆ. ಪಲ್ಯ, ಕಾಳನ್ನು ಮಾತ್ರ ಚೆನ್ನಾಗಿ ಅಗಿಯಿರಿ. ರೂಢಿಯಿಲ್ಲದವರು ತುತ್ತನ್ನು ಕಡಲೆಕಾಳಿನಷ್ಟೇ ಮಾಡಿ, ಸಾರು ಧಾರಾಳವಾಗಿ ಬಳಸಿ. ನೆಲದ ಮೇಲೋ ಮೇಜಿನ ಮುಂದೋ, ಬೆನ್ನು ನೆಟ್ಟಗೆ ಮಾಡಿ ಕೂರಿ. ಟಿವಿ ಆರಿಸಿ.

ಹೊಟ್ಟೆ ತುಂಬಿದ ಸೂಚನೆ ಮಿದುಳಿಗೆ ಮುಟ್ಟಲು ಹದಿನೈದು ಇಪ್ಪತ್ತು ನಿಮಿಷ ಬೇಕು. ಆದ್ದರಿಂದ ಮೊದಲು ಒಂದೇ ಮುದ್ದೆ ಬಡಿಸಿಕೊಳ್ಳಿ, ಅದು ಮುಗಿದ ಮೇಲೆ ಒಂದೆರಡು ನಿಮಿಷ ಸುಮ್ಮನೆ ಕೂತು, ಇನ್ನೂ ಹಸಿವಿದೆಯೇ ಎಂದು ಹೊಟ್ಟೆಯನ್ನೇ ಕೇಳಿ. ಗದ್ದೆಯಲ್ಲಿ ದುಡಿಯುವವರು ಉಣ್ಣುತ್ತಿದ್ದ ಎರಡು ದೊಡ್ಡ ಮುದ್ದೆ ದಿನವಿಡೀ ಕುರ್ಚಿಯಲ್ಲಿ ಕೂತವರಿಗೆ ಬೇಕಾಗುವುದಿಲ್ಲ. ರಾತ್ರಿಯಾದರೆ ಮಲಗುವ ಎರಡು ಮೂರು ಗಂಟೆ ಮೊದಲೇ ಊಟ ಮುಗಿಸಿ.

ಅಂಬಲಿ, ಮೊಳಕೆ ಹಿಟ್ಟು

ರಾಗಿಯಲ್ಲಿರುವ ಫೈಟಿಕ್ ಆಮ್ಲ ಕಬ್ಬಿಣ, ಸತುವನ್ನು ಕಟ್ಟಿಹಾಕುತ್ತದೆ. ಹುಳಿ ಬರಿಸುವುದು, ಮೊಳಕೆ ಕಟ್ಟುವುದು ಎರಡೂ ಈ ಕಟ್ಟನ್ನು ಸಡಿಲಿಸುತ್ತವೆ.

ಅಂಬಲಿ ಇಬ್ಬರಿಗೆ: ನಾಲ್ಕು ದೊಡ್ಡ ಚಮಚ ಹಿಟ್ಟನ್ನು ರಾತ್ರಿ ಒಂದು ಕಪ್ ನೀರಿನಲ್ಲಿ ಕಲಸಿ ಮುಚ್ಚಿಡಿ. ಬೇಸಿಗೆಯಲ್ಲಿ ಎಂಟು ಗಂಟೆ, ಚಳಿಯಲ್ಲಿ ಹನ್ನೆರಡರಿಂದ ಹದಿನಾಲ್ಕು. ತಿಳಿ ಹುಳಿ ವಾಸನೆ, ಸಣ್ಣ ಗುಳ್ಳೆ ಕಂಡರೆ ಸರಿ. ಗುಲಾಬಿ, ಹಸಿರು, ಕಪ್ಪು ಬಣ್ಣ ಕಂಡರೆ ಅಥವಾ ಕೊಳೆತ ವಾಸನೆ ಬಂದರೆ ಚೆಲ್ಲಿಬಿಡಿ. ಬೆಳಿಗ್ಗೆ ಮೂರು ಕಪ್ ಕುದಿವ ನೀರಿಗೆ ತಿರುವುತ್ತಾ ಸುರಿದು ಸಣ್ಣ ಉರಿಯಲ್ಲಿ ಎಂಟು ನಿಮಿಷ, ಹೊಳಪು ಬರುವವರೆಗೆ ಬೇಯಿಸಿ. ಪೂರ್ತಿ ಆರಿದ ಮೇಲೆ ಎರಡು ಕಪ್ ಮಜ್ಜಿಗೆ, ಉಪ್ಪು, ಹೆಚ್ಚಿದ ಸಣ್ಣ ಈರುಳ್ಳಿ, ಕೊತ್ತಂಬರಿ ಸೊಪ್ಪು ಸೇರಿಸಿ. ಬಿಸಿಯಿರುವಾಗ ಮಜ್ಜಿಗೆ ಹಾಕಿದರೆ ಒಡೆಯುತ್ತದೆ.

ಮೊಳಕೆ ಹಿಟ್ಟಿಗೆ ಒಂದು ಕಿಲೋ ರಾಗಿಯನ್ನು ತೊಳೆದು ಜಾಲಿಸಿ ಹತ್ತು ಗಂಟೆ ನೆನೆಸಿ, ನೀರು ಪೂರ್ತಿ ಬಸಿದು ಒದ್ದೆ ಹತ್ತಿ ಬಟ್ಟೆಯಲ್ಲಿ ಸಡಿಲವಾಗಿ ಕಟ್ಟಿ. ಒಂದು ದಿನದಿಂದ ಒಂದೂವರೆ ದಿನದೊಳಗೆ ಎರಡು ಮೂರು ಮಿಲಿಮೀಟರಿನ ಬಿಳಿ ಮೊಳಕೆ ಬರುತ್ತದೆ. ಬಟ್ಟೆ ಒಣಗಿದರೆ ನೀರು ಚಿಮುಕಿಸಿ. ಬಿಗಿಯಾಗಿ ಕಟ್ಟಿದರೆ, ನೀರು ನಿಂತರೆ ಲೋಳೆಯಾಗಿ ನಾರುತ್ತದೆ. ಎರಡು ದಿನ ಒಣಗಿಸಿ, ಬಾಣಲೆಯಲ್ಲಿ ಕೈಗೆ ಬೆಚ್ಚಗಾಗುವಷ್ಟು ಮಾತ್ರ ಬಿಸಿ ಮಾಡಿ, ಒಣಗಿದ ಮೊಳಕೆಯನ್ನು ಬಟ್ಟೆಯಲ್ಲಿ ಉಜ್ಜಿ ಕೇರಿ ಬೀಸಿಸಿ. ಹೆಚ್ಚು ಹುರಿಯಬಾರದು ಎನ್ನುವುದಕ್ಕೆ ಕಾರಣವಿದೆ. ಮೊಳಕೆಯಲ್ಲಿ ಹುಟ್ಟುವ ಅಮೈಲೇಸ್ ಎಂಬ ಕಿಣ್ವ ಪಿಷ್ಟವನ್ನು ಒಡೆದು ಗಂಜಿಯನ್ನು ತೆಳ್ಳಗಿಡುತ್ತದೆ, ಅದೇ ಬಟ್ಟಲಿನಲ್ಲಿ ಹೆಚ್ಚು ಹಿಟ್ಟು ಸೇರಿಸಬಹುದು. ಹೊಟ್ಟೆ ಸಣ್ಣದಿರುವ ಮಕ್ಕಳಿಗೆ ಇದರಿಂದ ಒಂದೇ ಬಟ್ಟಲಿನಲ್ಲಿ ಹೆಚ್ಚು ಆಹಾರ ಸಿಗುತ್ತದೆ. ಜೋರಾಗಿ ಹುರಿದರೆ ಕಿಣ್ವ ಸಾಯುತ್ತದೆ. ಇದೇ ಕಿಣ್ವದಿಂದಾಗಿ ಮೊಳಕೆ ಹಿಟ್ಟಿನಲ್ಲಿ ಮುದ್ದೆ ಕಟ್ಟಲಾಗುವುದಿಲ್ಲ. ಫ್ರಿಜ್‌ನಲ್ಲಿಟ್ಟು ತಿಂಗಳೊಳಗೆ ಬಳಸಿ. ಆರು ತಿಂಗಳು ತುಂಬಿದ ಮಗುವಿಗೆ ತೆಳ್ಳಗಿನ ಗಂಜಿಯಿಂದ ಶುರು ಮಾಡಿ. ಒಂದು ವರ್ಷದವರೆಗೆ ಉಪ್ಪು, ಸಕ್ಕರೆ, ಜೇನು ಬೇಡ.

ಯಾರು ಎಚ್ಚರವಾಗಿರಬೇಕು

ಸಕ್ಕರೆ ಕಾಯಿಲೆಯವರಿಗೆ ರಾಗಿ ಎಷ್ಟು ಬೇಕಾದರೂ ಆಗುತ್ತದೆ ಎನ್ನುವ ನಂಬಿಕೆ ಸರಿಯಲ್ಲ. ಹಿಟ್ಟಿನ ಹೆಚ್ಚು ಭಾಗ ಪಿಷ್ಟವೇ. ಮುದ್ದೆಯ ಗಾತ್ರ ಇಳಿಸಿ, ಸೊಪ್ಪು ಕಾಳು ಏರಿಸಿ, ಊಟವಾದ ಎರಡು ಗಂಟೆಗೆ ಸಕ್ಕರೆ ಅಳೆದು ನಿಮ್ಮ ಅಳತೆ ಗೊತ್ತುಮಾಡಿಕೊಳ್ಳಿ. ತೆಳ್ಳಗಿನ ಸಿಹಿ ಮಾಲ್ಟ್ ಇವರಿಗೆ ಮುದ್ದೆಗಿಂತ ಕೆಟ್ಟದ್ದು. ಮೂತ್ರಪಿಂಡದ ತೊಂದರೆ ಅಥವಾ ಕಲ್ಲು ಇರುವವರು ವೈದ್ಯರನ್ನು ಕೇಳಿಯೇ ದಿನಬಳಕೆಗೆ ತನ್ನಿ. ಪಾರ್ಶ್ವವಾಯುವಾಗಿ ನುಂಗಲು ಕಷ್ಟಪಡುವ ಹಿರಿಯರಿಗೆ ಮುದ್ದೆ ಕೊಡಬೇಡಿ, ಗಂಟಲಲ್ಲಿ ಸಿಕ್ಕಿಕೊಳ್ಳಬಹುದು. ಅವರಿಗೆ ಅಂಬಲಿಯನ್ನು ಎಷ್ಟು ಗಟ್ಟಿಯಾಗಿ ಕೊಡಬೇಕೆಂದು ವೈದ್ಯರೇ ಹೇಳಲಿ. ನಾರಿನ ಊಟ ರೂಢಿಯಿಲ್ಲದವರು ವಾರಕ್ಕೆ ಎರಡು ಮೂರು ಸಲದಿಂದ ಶುರು ಮಾಡಿ, ನೀರು ಹೆಚ್ಚು ಕುಡಿಯಿರಿ. ಇಲ್ಲದಿದ್ದರೆ ಮಲಬದ್ಧತೆ, ಹೊಟ್ಟೆಯುಬ್ಬರ ಬರುತ್ತದೆ.

ಮಿಕ್ಕ ಮುದ್ದೆಯನ್ನು ಮತ್ತೆ ಬಿಸಿ ಮಾಡಬೇಡಿ, ಗಟ್ಟಿಯಾಗುತ್ತದೆ. ರಾತ್ರಿ ಮುಳುಗುವಷ್ಟು ನೀರಿನಲ್ಲಿ ಬಿಟ್ಟು, ಬೆಳಿಗ್ಗೆ ಅದೇ ನೀರಿನಲ್ಲಿ ಕಿವುಚಿ, ಮಜ್ಜಿಗೆ, ಉಪ್ಪು, ಒಂದು ಹಸಿಮೆಣಸಿನಕಾಯಿ, ಈರುಳ್ಳಿ ಸೇರಿಸಿ ಕುಡಿಯಿರಿ. ಕಡು ಬೇಸಿಗೆಯಲ್ಲಿ ರಾತ್ರಿ ನೆನೆಸಿದ್ದು ಮಧ್ಯಾಹ್ನದವರೆಗೆ ನಿಲ್ಲುವುದಿಲ್ಲ, ಹುಳಿ ಮೀರುತ್ತದೆ. ತಿಂಡಿಯ ಹೊತ್ತಿಗೇ ಮುಗಿಸಿ.