ಎದೆ ಹಾರುವಾಗಲೇ ಬನ್ನಿ

ಹೃದಯದ ಲಯ ತಪ್ಪುವ ಕಾಯಿಲೆಗಳಲ್ಲಿ ಎಷ್ಟೋ, ರೋಗಿ ಆಸ್ಪತ್ರೆಯ ಮೆಟ್ಟಿಲು ಹತ್ತುವಷ್ಟರಲ್ಲಿ ಮಾಯವಾಗಿರುತ್ತವೆ. ಇಸಿಜಿ ನಾರ್ಮಲ್ ಬರುತ್ತದೆ. ಗ್ಯಾಸ್ ಅನ್ನುತ್ತಾರೆ, ಟೆನ್ಷನ್ ಅನ್ನುತ್ತಾರೆ, ಹೆಂಗಸರಾದರೆ ಮನಸ್ಸಿಗೆ ಹಚ್ಚಿಕೊಂಡಿದ್ದೀರಿ ಅನ್ನುತ್ತಾರೆ. ಶಿರಸಿಯಲ್ಲಿ ಫಿಜಿಶಿಯನ್ ಆಗಿ ನಾನು ಅತಿ ಹೆಚ್ಚು ತಲೆ ಕೆಡಿಸಿಕೊಂಡದ್ದು ಈ ಒಂದು ವಿಷಯಕ್ಕೆ. ನಾನು ಲಯತಜ್ಞನಲ್ಲ. ಅವರನ್ನು ಕಾಣಲು ನಮ್ಮ ಜನ ಮಣಿಪಾಲಕ್ಕೋ ಬೆಂಗಳೂರಿಗೋ ಹೋಗಬೇಕು. ಆದರೆ ರೋಗ ಕಾಣಿಸಿಕೊಂಡ ಆ ಹತ್ತಿಪ್ಪತ್ತು ನಿಮಿಷ ರೋಗಿಯ ಹತ್ತಿರ ಇರುವವರು ನಾವು.

ಈ ಶಾಸ್ತ್ರದ ಹಿರಿಯರ ಬದುಕನ್ನು ಓದಿದಾಗ ನನ್ನನ್ನು ಹಿಡಿದು ನಿಲ್ಲಿಸಿದ್ದು ಅವರ ಯಂತ್ರಗಳಲ್ಲ, ರೋಗಿಯ ಮಾತಿಗೆ ಅವರು ಕೊಟ್ಟ ಬೆಲೆ. 1912ರಲ್ಲಿ ಹೃದಯದ ಲಯವನ್ನು ಅಭ್ಯಸಿಸುತ್ತಿದ್ದ ಡಚ್ ವೈದ್ಯ ವೆಂಕೆಬಾಕ್ ಬಳಿಗೆ ಒಬ್ಬ ಡಚ್ ವರ್ತಕ ಬಂದ. ನಾಡಿ ಅಡ್ಡಾದಿಡ್ಡಿ ಓಡುತ್ತಿತ್ತು. ಇವತ್ತಿನ ಭಾಷೆಯಲ್ಲಿ ಏಟ್ರಿಯಲ್ ಫಿಬ್ರಿಲೇಶನ್. ನಾಳೆ ಬೆಳಿಗ್ಗೆ ಸರಿಯಾದ ನಾಡಿಯೊಂದಿಗೆ ಬರುತ್ತೇನೆ ಎಂದು ಹೇಳಿ ಹೋದವನು ಹಾಗೆಯೇ ಬಂದ. ಅವನು ನುಂಗಿದ್ದು ಕ್ವಿನೈನ್. ಮಲೇರಿಯಾದಲ್ಲಿ ನರಳಿದ ನಮ್ಮ ಜಿಲ್ಲೆಯ ಅಜ್ಜ-ಅಜ್ಜಿಯರಿಗೆ ಚೆನ್ನಾಗಿ ಗೊತ್ತಿದ್ದ ಅದೇ ಕಹಿ ಮದ್ದು. ಅಷ್ಟು ದೊಡ್ಡ ಪ್ರೊಫೆಸರ್ ಆ ಮಾತನ್ನು ತಳ್ಳಿಹಾಕದೆ 1914ರಲ್ಲಿ ಬರೆದು ದಾಖಲಿಸಿದರು. ಕ್ವಿನಿಡಿನ್ ಎಂಬ ಲಯದ ಔಷಧಿಗೆ ದಾರಿಯಾದದ್ದು ಹಾಗೆ.

ನನಗೆ ಆ ಪಾಠ ಗಟ್ಟಿಯಾದದ್ದು ಒಬ್ಬ ಕೊನೆಗೌಡನಿಂದ. ಅಡಿಕೆ ಮರ ಹತ್ತಿ, ಮರದಿಂದ ಮರಕ್ಕೆ ಜೀಕುತ್ತಾ ಕೊನೆ ಕೊಯ್ಯುವ ಆಳು. "ಮರದ ಮೇಲೆ ಇದ್ದಾಗ್ಲೇ ಸುರು ಆಗ್ತದೆ ಡಾಕ್ಟ್ರೇ, ಸ್ವಿಚ್ ಹಾಕ್ದಂಗೆ. ನಿಲ್ಲೋದೂ ಹಂಗೇ, ತಟ್ಟಂತ" ಎಂದ. ಇದಕ್ಕಿಂತ ಚೆನ್ನಾಗಿ ಎಸ್‌ವಿಟಿಯ, ಅಂದರೆ ಹೃದಯದ ಮೇಲ್ಭಾಗದಿಂದ ಏಳುವ ಅತಿವೇಗದ ಬಡಿತದ, ಲಕ್ಷಣವನ್ನು ಯಾವ ಪಠ್ಯವೂ ಹೇಳಲಾರದು. ಹೆದರಿಕೆಯ ಎದೆಬಡಿತ ಮೆಲ್ಲಗೆ ಏರಿ ಮೆಲ್ಲಗೆ ಇಳಿಯುತ್ತದೆ. ಇದು ಒಮ್ಮೆಲೇ ಬಂದು ಒಮ್ಮೆಲೇ ಹೋಗುತ್ತದೆ. ಅವನ ಇಸಿಜಿಯಲ್ಲಿ ಸುಮ್ಮನಿರುವಾಗಲೂ ಡೆಲ್ಟಾ ಅಲೆ ಇತ್ತು, ಅಂದರೆ ಬಡಿತದ ಗೆರೆ ಮೇಲೇರುವ ಆರಂಭದಲ್ಲೇ ಒಂದು ಓರೆ. ವುಲ್ಫ್, ಪಾರ್ಕಿನ್ಸನ್, ವೈಟ್ ಮೂವರು 1930ರಲ್ಲಿ ವಿವರಿಸಿದ ಕಾಯಿಲೆ: ಹೃದಯದ ಮೇಲಿನ ಕೋಣೆಗಳಿಂದ ಕೆಳಗಿನ ಕೋಣೆಗಳಿಗೆ ವಿದ್ಯುತ್ ಹರಿಯಲು ಹುಟ್ಟಿನಿಂದಲೇ ಇರುವ ಇನ್ನೊಂದು ಕಳ್ಳದಾರಿ. ಮರ ಹತ್ತಬೇಡ ಎಂದೆ. ಕೊಯ್ಲಿನ ಹಂಗಾಮಿನಲ್ಲಿ ಆ ಮಾತು ಹೇಳುವುದು ಸುಲಭವಲ್ಲ, ಅದು ಅವನ ಮನೆಯ ಅನ್ನದ ಪ್ರಶ್ನೆ. ಮರದ ತುದಿಯಲ್ಲಿ ತಲೆ ತಿರುಗಿದರೆ ಏನಾಗುತ್ತದೆ ಎಂದು ಅವನ ಹೆಂಡತಿಗೂ ಕೂರಿಸಿ ಹೇಳಿದೆ.

1968ರಲ್ಲಿ ಅಮೆರಿಕದ ಡ್ಯೂಕ್ ವಿಶ್ವವಿದ್ಯಾಲಯದಲ್ಲಿ ವಿಲ್ ಸೀಲಿ ಈ ಕಾಯಿಲೆಗೆ ಮೊದಲ ಬಾರಿ ಯಶಸ್ವಿ ಶಸ್ತ್ರಚಿಕಿತ್ಸೆ ಮಾಡಿದ್ದು ಕಡಲತೀರದ ಒಬ್ಬ ಮೀನುಗಾರನಿಗೆ. ಎದೆ ತೆರೆದು, ಬಡಿಯುವ ಹೃದಯದ ಮೇಲೆ ಒಂದೊಂದೇ ಬಿಂದುವಿನಲ್ಲಿ ವಿದ್ಯುತ್ ಅಳೆದು, ಕಳ್ಳದಾರಿ ಎಲ್ಲಿದೆ ಎಂದು ಹುಡುಕಿ ಕತ್ತರಿಸಿದರು. ಕಾರವಾರದ ಬೈತಖೋಲ ಬಂದರಿನ ಮೀನುಗಾರರನ್ನು ನೋಡುವಾಗೆಲ್ಲ ಆ ಮನುಷ್ಯ ನೆನಪಾಗುತ್ತಾನೆ. ಈಗ ಅದೇ ಕೆಲಸ ತೊಡೆಸಂದಿಯ ರಕ್ತನಾಳದಿಂದ ತೂರಿಸಿದ ಕ್ಯಾತಿಟರ್ ಎಂಬ ತೆಳು ಕೊಳವೆಯಲ್ಲಿ ಆಗುತ್ತದೆ; ಕಳ್ಳದಾರಿಯನ್ನು ಸುಟ್ಟು ಮುಚ್ಚುವ ಇದಕ್ಕೆ ಅಬ್ಲೇಶನ್ ಎನ್ನುತ್ತಾರೆ. ನಮ್ಮ ಕೊನೆಗೌಡನಿಗೂ ಅಬ್ಲೇಶನ್ ಆಯಿತು.

ಎಲ್ಲರಲ್ಲೂ ಡೆಲ್ಟಾ ಅಲೆ ಸಿಗುವುದಿಲ್ಲ. ಹಲವರಲ್ಲಿ ಎದೆ ಹಾರುವಾಗ ಮಾತ್ರ ಸಾಕ್ಷಿ. ಅದಕ್ಕೇ ರೋಗಿಗಳಿಗೆ ಒಂದೇ ಮಾತು ಹೇಳತೊಡಗಿದೆ: ಸುರುವಾದ ಕೂಡಲೇ ನನ್ನ ಹತ್ತಿರ ಬರಲು ಬಸ್ಸು ಕಾಯಬೇಡಿ, ಹತ್ತಿರ ಎಲ್ಲಿ ಇಸಿಜಿ ಯಂತ್ರವಿದೆಯೋ ಅಲ್ಲಿಗೆ ಹೋಗಿ. ಬನವಾಸಿಯೋ ಸಿದ್ದಾಪುರವೋ, ಫೋಟೋ ನನ್ನ ವಾಟ್ಸಾಪ್‌ಗೆ ಬಂದರೆ ಸಾಕು. ಮಂಗಳೂರಿನ ಡಾ. ಪದ್ಮನಾಭ ಕಾಮತ್ ಹಳ್ಳಿಯ ಆರೋಗ್ಯ ಕೇಂದ್ರಗಳಿಗೆ ಯಂತ್ರ ಕೊಡಿಸಿ ವಾಟ್ಸಾಪ್‌ನಲ್ಲಿ ಇಸಿಜಿ ಓದುವ ವ್ಯವಸ್ಥೆ ಕಟ್ಟಿದ್ದನ್ನು ಕಂಡ ಮೇಲೆ, ಇದು ಆಗುವ ಕೆಲಸ ಎಂಬ ಧೈರ್ಯ ಬಂದಿತ್ತು.

ಇನ್ನೊಂದು ರೂಢಿ ಮಾಡಿಕೊಂಡೆ. ಬಿಪಿ ಚೆನ್ನಾಗಿದ್ದು, ನಾಡಿ ಒಂದೇ ಸಮ ವೇಗವಾಗಿ ಓಡುತ್ತಿದ್ದರೆ ಲಯ ಮರಳಿಸಲು ಮೊದಲು ಊದಲಿಕ್ಕೆ 10 ಎಂಎಲ್ ಸಿರಿಂಜ್ ಕೊಡುತ್ತೇನೆ. ಅರೆ ಕೂತ ಭಂಗಿಯಲ್ಲಿ, ಒಳಗಿನ ಪ್ಲಂಜರ್ ಸ್ವಲ್ಪ ಸರಿಯುವಷ್ಟು ಜೋರಾಗಿ 15 ಸೆಕೆಂಡ್ ಊದಬೇಕು. ಊದಿ ಮುಗಿದ ಕ್ಷಣಕ್ಕೆ ಮಲಗಿಸಿ, ಎರಡೂ ಕಾಲು 45 ಡಿಗ್ರಿ ಎತ್ತಿ 15 ಸೆಕೆಂಡ್ ಹಿಡಿಯಬೇಕು. 2015ರ ರಿವರ್ಟ್ ಅಧ್ಯಯನದಲ್ಲಿ ಹೀಗೆ ಮಾಡಿದಾಗ ಶೇ. 43 ಜನರಲ್ಲಿ ಲಯ ಮರಳಿತು. ಕಾಲೆತ್ತದ ಹಳೆಯ ಕ್ರಮದಲ್ಲಿ ಶೇ. 17 ಮಾತ್ರ. ಕಾಲೆತ್ತುವುದಕ್ಕೆ ತಡಮಾಡಬಾರದು, ನಮ್ಮ ಸಿಸ್ಟರ್‌ಗಳು ಮೊದಲೇ ಮಂಚದ ಬುಡದಲ್ಲಿ ಸಜ್ಜಾಗಿ ನಿಂತಿರುತ್ತಾರೆ. ಆಗಲಿಲ್ಲವೆಂದರೆ ಈ ಓಟವನ್ನು ನಿಲ್ಲಿಸುವ ಅಡಿನೊಸಿನ್ ಇಂಜೆಕ್ಷನ್, ಹೃದಯಕ್ಕೆ ವಿದ್ಯುತ್ ಆಘಾತ ಕೊಡುವ ಡಿಫಿಬ್ರಿಲೇಟರ್ ಪಕ್ಕದಲ್ಲಿಟ್ಟುಕೊಂಡೇ. ಅಗಲವಾದ, ಅಡ್ಡಾದಿಡ್ಡಿ ಓಡುವ ಇಸಿಜಿ ಕಂಡರೆ ಅಡಿನೊಸಿನ್ ಮುಟ್ಟುವುದಿಲ್ಲ.

ಅಡಿನೊಸಿನ್ ಕೊಡುವಾಗ ಇಸಿಜಿ ಕಾಗದ ಓಡುತ್ತಲೇ ಇರಲಿ. ಲಯ ಮುರಿಯುವ ಆ ನಾಲ್ಕು ಸೆಕೆಂಡಿನಲ್ಲಿ ಲಯತಜ್ಞರಿಗೆ ಬೇಕಾದ ಅರ್ಧ ಉತ್ತರ ಇರುತ್ತದೆ. ರೋಗಿಯನ್ನು ಕಳಿಸುವಾಗ ಎದೆ ಹಾರುವಾಗಿನದು, ಮುರಿದ ಕ್ಷಣದ್ದು, ಆಮೇಲಿನದು ಮೂರನ್ನೂ ಜೊತೆಗೆ ಕೊಡಬೇಕು. ಆ ಕಾಗದ ಕೆಲ ತಿಂಗಳಲ್ಲೇ ಮಾಸತೊಡಗುತ್ತದೆ, ಮಲೆನಾಡಿನ ಮಳೆಗಾಲದಲ್ಲಿ ಕೇಳುವುದೇ ಬೇಡ. ಅದೇ ದಿನ ಜೆರಾಕ್ಸ್ ಮಾಡಿಸಿ, ಒಂದು ಪ್ರತಿ ರೋಗಿಯ ಫೈಲಿಗೆ, ಒಂದು ಪ್ರತಿ ಅವರ ಮನೆಗೆ.