ಡ್ಯಾಶ್‌ಕ್ಯಾಮ್‌ಗೆ ಫ್ಯೂಸ್ ಬಾಕ್ಸಿನಿಂದ ವಿದ್ಯುತ್: ಕಾರಿನ ವೈರ್ ಕತ್ತರಿಸದೆ ಜೋಡಿಸುವ ಬಗೆ

ಕಾತ್ರಜ್‌ನ ಹೊಸ ಸುರಂಗದಿಂದ ನವಲೆ ಸೇತುವೆಯವರೆಗಿನ ಇಳಿಜಾರಿನಲ್ಲಿ ಲಾರಿಗಳ ನಡುವೆ ದಿನವೂ ಕಾರು ಓಡಿಸುವ ಪುಣೆಯ ನಿವಾಸಿಗಳಿಗೆ ಡ್ಯಾಶ್‌ಕ್ಯಾಮ್‌ನ (ಮುಂಗಾಜಿಗೆ ಅಂಟಿಸಿ ರಸ್ತೆಯನ್ನು ಚಿತ್ರೀಕರಿಸುವ ಕ್ಯಾಮೆರಾದ) ಅಗತ್ಯವನ್ನು ಬಿಡಿಸಿ ಹೇಳಬೇಕಾಗಿಲ್ಲ. ಆದರೆ ಅದನ್ನು ಸಿಗರೇಟ್ ಲೈಟರ್ ಸಾಕೆಟ್ಟಿಗೆ ಸಿಕ್ಕಿಸಿದರೆ ಗೇರಿನ ಪಕ್ಕ ವೈರ್ ಜೋತಾಡುತ್ತದೆ. ಹೆಚ್ಚಿನ ಕಾರುಗಳಲ್ಲಿ ಕೀಲಿ ತೆಗೆದೊಡನೆ ಕ್ಯಾಮೆರಾ ಆರಿಹೋಗುವುದರಿಂದ, ಸೊಸೈಟಿಯ ಪಾರ್ಕಿಂಗಿನಲ್ಲಿ ಯಾರಾದರೂ ಬಂಪರ್ ಉಜ್ಜಿ ಹೋದರೆ ದಾಖಲೆಯೂ ಉಳಿಯುವುದಿಲ್ಲ. ನೇರವಾಗಿ ಫ್ಯೂಸ್ ಬಾಕ್ಸಿನಿಂದ ವಿದ್ಯುತ್ ಪಡೆಯುವುದು ಇದಕ್ಕೆ ಪರಿಹಾರ.

ನನ್ನ ಕಾರಿಗೆ ಮೊದಲ ಸಲ ಇದನ್ನು ಒಂದು ಅಂಗಡಿಯಲ್ಲಿ ಮಾಡಿಸಿದ್ದೆ. ನಾಲ್ಕು ದಿನ ರೈಲಿನಲ್ಲಿ ಹುಬ್ಬಳ್ಳಿಗೆ ಹೋಗಿ ಬಂದು ಕೀಲಿ ತಿರುಗಿಸಿದಾಗ ‘ಟಕ್’ ಎಂಬ ಸದ್ದು ಬಂದಿತೇ ಹೊರತು ಎಂಜಿನ್ ಹೊರಳಲಿಲ್ಲ. ಡ್ಯಾಶ್‌ಬೋರ್ಡಿನ ಕೆಳಗೆ ಬಗ್ಗಿ ನೋಡಿದರೆ, ಕೀಲಿ ತಿರುಗಿಸಿದಾಗ ಮಾತ್ರ ವಿದ್ಯುತ್ ಪಡೆಯಬೇಕಾದ ಕೆಂಪು ವೈರನ್ನೂ ಸದಾ ವಿದ್ಯುತ್ ಪಡೆಯುವ ಹಳದಿ ವೈರನ್ನೂ ಒಟ್ಟಿಗೆ ಹೊಸೆದು, ಸದಾ ವಿದ್ಯುತ್ ಇರುವ ಒಂದೇ ಫ್ಯೂಸಿನ ಕಾಲಿಗೆ ಸುತ್ತಿ, ಆ ಫ್ಯೂಸನ್ನು ಮತ್ತೆ ಒತ್ತಿ ಕೂರಿಸಿದ್ದರು. ಕ್ಯಾಮೆರಾದ ಪಾಲಿಗೆ ಕಾರು ಸದಾ ಚಾಲನೆಯಲ್ಲಿಯೇ ಇತ್ತು. ಐದು ವ್ಯಾಟ್‌ನ ಕ್ಯಾಮೆರಾ 12 ವೋಲ್ಟ್ ಬ್ಯಾಟರಿಯಿಂದ ಸುಮಾರು 0.4 ಆಂಪಿಯರ್ ಎಳೆಯುತ್ತದೆ, ಅಂದರೆ ದಿನಕ್ಕೆ ಹತ್ತು ಆಂಪಿಯರ್ ಅವರ್. ಸಣ್ಣ ಕಾರಿನ 35 ಆಂಪಿಯರ್ ಅವರ್ ಬ್ಯಾಟರಿ ಎಷ್ಟು ದಿನ ತಾಳೀತು ಎಂಬ ಲೆಕ್ಕ ಕಷ್ಟದ್ದಲ್ಲ. ಎರಡನೆಯ ಸಲ ನಾನೇ ಕುಳಿತು ಮಾಡಿದೆ.

ಬೇಕಾಗುವುದು ಹಾರ್ಡ್‌ವೈರ್ ಕಿಟ್ (ಕ್ಯಾಮೆರಾವನ್ನು ಫ್ಯೂಸ್ ಬಾಕ್ಸಿಗೆ ಜೋಡಿಸುವ ವೈರ್‌ಗಳ ಜೋಡಣೆ), ಎರಡು ಫ್ಯೂಸ್ ಟ್ಯಾಪ್ (ಫ್ಯೂಸಿನ ಜಾಗದಲ್ಲಿ ಕೂತು ಇನ್ನೊಂದು ವೈರಿಗೂ ವಿದ್ಯುತ್ ಕೊಡುವ ಕವಲು), ಒಂದು ಮಲ್ಟಿಮೀಟರ್, ಹತ್ತು ಎಂಎಂ ಸ್ಪ್ಯಾನರ್ ಮತ್ತು ಬಟ್ಟೆಯ ಟೇಪ್. ಮಲ್ಟಿಮೀಟರ್ ಬುಧವಾರ ಪೇಟೆಯ ತಾಪ್ಕೀರ್ ಗಲ್ಲಿಯಲ್ಲಿಯೂ, ಫ್ಯೂಸ್ ಟ್ಯಾಪ್ ನಾನಾ ಪೇಟೆಯ ಬಿಡಿಭಾಗದ ಅಂಗಡಿಗಳಲ್ಲಿಯೂ ದೊರೆಯುತ್ತವೆ. ಮಿನಿ, ಲೋ ಪ್ರೊಫೈಲ್ ಮಿನಿ, ಮೈಕ್ರೊ ಎಂದು ಫ್ಯೂಸುಗಳಲ್ಲಿ ಹಲವು ಅಳತೆಗಳಿದ್ದು ನೋಟಕ್ಕೆ ಒಂದೇ ತೆರನಾಗಿ ಕಾಣುವುದರಿಂದ, ನಿಮ್ಮ ಕಾರಿನದೇ ಒಂದು ಫ್ಯೂಸನ್ನು ಕಿತ್ತು ಜೇಬಿನಲ್ಲಿಟ್ಟುಕೊಂಡು ಹೋಗುವುದು ಜಾಣತನ.

ಕಿಟ್‌ನಲ್ಲಿ ಸಾಮಾನ್ಯವಾಗಿ ಮೂರು ವೈರ್‌ಗಳಿರುತ್ತವೆ: ಹಳದಿಗೆ ಸದಾ ವಿದ್ಯುತ್ ಇರುವ ಫ್ಯೂಸ್ ಬೇಕು, ಕೆಂಪಿಗೆ ಕೀಲಿ ತಿರುಗಿಸಿದಾಗ ಮಾತ್ರ ವಿದ್ಯುತ್ ಬರುವ ಫ್ಯೂಸ್ ಬೇಕು, ಕಪ್ಪು ಅರ್ಥ್. ಬಣ್ಣವನ್ನಷ್ಟೇ ನಂಬದೆ ವೈರಿನ ತುದಿಯಲ್ಲಿರುವ ಚೀಟಿಯನ್ನೂ ಓದಬೇಕು. ಫ್ಯೂಸ್ ಆರಿಸಲು ಮಲ್ಟಿಮೀಟರನ್ನು 20 ವೋಲ್ಟ್ ಡಿಸಿಗೆ ಇಟ್ಟು, ಕಪ್ಪು ಕಡ್ಡಿಯನ್ನು ಬಾಡಿಯ ಬೋಲ್ಟಿಗೆ ತಾಗಿಸಿ, ಕೆಂಪು ಕಡ್ಡಿಯನ್ನು ಫ್ಯೂಸಿನ ನೆತ್ತಿಯ ಮೇಲಿರುವ ಸಣ್ಣ ಲೋಹದ ಚುಕ್ಕೆಗೆ ಮುಟ್ಟಿಸಿ. ಇತ್ತೀಚಿನ ಕಾರುಗಳಲ್ಲಿ ಎಂಜಿನ್ ನಿಂತ ಮೇಲೂ ಕೆಲವು ಫ್ಯೂಸುಗಳಲ್ಲಿ ಸ್ವಲ್ಪ ಹೊತ್ತು ವಿದ್ಯುತ್ ಉಳಿಯುತ್ತದೆಯಾದ್ದರಿಂದ, ಕೀಲಿಯನ್ನು ದೂರವಿಟ್ಟು ಅರ್ಧ ಗಂಟೆ ಕಾದು ಇನ್ನೊಮ್ಮೆ ಅಳೆಯುವುದು ಲೇಸು. ಕೆಂಪಿಗೆ ಸಾಕೆಟ್ಟಿನ ಫ್ಯೂಸ್, ಹಳದಿಗೆ ಒಳಗಿನ ದೀಪದಂಥ ಸಣ್ಣ ಕೆಲಸದ ಫ್ಯೂಸ್ ಸಾಕು. ಏರ್‌ಬ್ಯಾಗ್, ಎಬಿಎಸ್, ಸ್ಟೀರಿಂಗ್, ಇಂಧನ ಪಂಪ್ ಮತ್ತು ಎಂಜಿನ್ ನಿಯಂತ್ರಣದ ಫ್ಯೂಸುಗಳ ತಂಟೆಗೆ ಹೋಗಲೇಬಾರದು.

ಅಳತೆ ಮುಗಿದ ಮೇಲೆ ಬ್ಯಾಟರಿಯ ಋಣ ತುದಿಯನ್ನು ಬಿಚ್ಚಿಡಬೇಕು. ಫ್ಯೂಸ್ ಟ್ಯಾಪಿನಲ್ಲಿ ಎರಡು ಮನೆಗಳಿರುತ್ತವೆ: ಕಾಲುಗಳಿಗೆ ಹತ್ತಿರದ್ದರಲ್ಲಿ ಕಾರಿನ ಮೂಲ ಫ್ಯೂಸ್, ಮೇಲಿನದರಲ್ಲಿ ಕ್ಯಾಮೆರಾದ ಫ್ಯೂಸ್. ಕ್ಯಾಮೆರಾಕ್ಕೆ ಕಿಟ್‌ನಲ್ಲಿ ಹೇಳಿದಷ್ಟೇ, ಸಾಮಾನ್ಯವಾಗಿ ಎರಡರಿಂದ ಐದು ಆಂಪಿಯರ್, ಹಾಕಿ. ಫ್ಯೂಸ್ ಇರುವುದು ವೈರ್ ಸುಡದಂತೆ ಕಾಯಲು. ಹತ್ತರ ಕೆಂಪು ಫ್ಯೂಸ್ ಹಾರಿತೆಂದು ಹದಿನೈದರ ನೀಲಿಯನ್ನು ತುರುಕಿದರೆ ಕಾಯುವವರು ಯಾರೂ ಇರುವುದಿಲ್ಲ.

ಅಂಗಡಿಯವರೂ ತಪ್ಪುವುದು ಟ್ಯಾಪಿನ ದಿಕ್ಕಿನಲ್ಲಿ. ಫ್ಯೂಸ್ ಕಿತ್ತ ಖಾಲಿ ಮನೆಯ ಎರಡು ಸೀಳುಗಳಲ್ಲಿ ಒಂದಕ್ಕೆ ಬ್ಯಾಟರಿಯ ಕಡೆಯಿಂದ ವಿದ್ಯುತ್ ಬರುತ್ತದೆ, ಇನ್ನೊಂದರಿಂದ ಅದು ಉಪಕರಣಕ್ಕೆ ಹೋಗುತ್ತದೆ. ಟ್ಯಾಪಿನ ಎರಡೂ ಫ್ಯೂಸುಗಳಿಗೆ ಸೇರಿದ ಕಾಲು ವಿದ್ಯುತ್ ಬರುವ ಸೀಳಿನಲ್ಲಿಯೇ ಕೂರಬೇಕು. ತಿರುಗುಮುರುಗಾದರೆ ಕ್ಯಾಮೆರಾದ ಹೊರೆಯೂ ಮೂಲ ಫ್ಯೂಸಿನ ಮೂಲಕವೇ ಹರಿಯುತ್ತದೆ. ಪರೀಕ್ಷೆ ಸುಲಭ: ಬ್ಯಾಟರಿ ಜೋಡಿಸಿದ ಮೇಲೆ ಟ್ಯಾಪಿನಿಂದ ಮೂಲ ಫ್ಯೂಸನ್ನು ಮಾತ್ರ ಕಿತ್ತು, ಟ್ಯಾಪಿನ ವೈರಿನಲ್ಲಿ ವೋಲ್ಟೇಜ್ ನೋಡಿ (ಕೆಂಪಿನದಾದರೆ ಕೀಲಿ ತಿರುಗಿಸಿ). ಹನ್ನೆರಡರ ಆಸುಪಾಸು ತೋರಿದರೆ ದಿಕ್ಕು ಸರಿ. ಸೊನ್ನೆಯಾದರೆ ಟ್ಯಾಪನ್ನು ತಿರುಗಿಸಿ ಹಾಕಿ.

ಅರ್ಥ್‌ಗೆ ಬಣ್ಣ ಬಳಿದ ಬೋಲ್ಟ್ ಸಲ್ಲದು. ಬಾಡಿಯ ಬರಿಯ ಲೋಹಕ್ಕೆ ಬಿಗಿದ ಬೋಲ್ಟನ್ನು ಸಡಿಲಿಸಿ, ತುದಿಯ ಕವೆಯನ್ನು ಅದರಡಿ ಸೇರಿಸಿ ಬಿಗಿಯಿರಿ. ಮ್ಯಾಟಿನ ಅಂಚಿನ ಬೋಲ್ಟ್ ಬೇಡ. ನಮ್ಮ ಮಳೆಗಾಲದಲ್ಲಿ ಒದ್ದೆ ಚಪ್ಪಲಿಯ ನೀರು ಸೇರುವುದು ಅಲ್ಲಿಯೇ.

ವೈರನ್ನು ಗಾಜಿನ ಮೇಲಂಚಿನ ಸಂದಿಗೆ ಬೆರಳಿನಿಂದ ಒತ್ತುತ್ತಾ ಗಾಜಿನ ಪಕ್ಕದ ಕಂಬದವರೆಗೆ, ಅಂದರೆ ಪಿಲ್ಲರ್‌ವರೆಗೆ, ತನ್ನಿ. ಪಿಲ್ಲರ್‌ನಲ್ಲಿ ಕರ್ಟನ್ ಏರ್‌ಬ್ಯಾಗ್ (ಪಕ್ಕದ ಕಿಟಕಿಗೆ ಪರದೆಯಂತೆ ಇಳಿಯುವ ಏರ್‌ಬ್ಯಾಗ್) ಇದ್ದರೆ ವೈರ್ ಅದರ ಹಿಂದಿನಿಂದಲೇ ಇಳಿದು, ಕಂಪನಿಯ ವೈರ್ ಕಟ್ಟಿಗೆ ಟೇಪಿನಿಂದ ಬಿಗಿಯಾಗಿರಬೇಕು. ಏರ್‌ಬ್ಯಾಗಿನ ಮುಂದೆ ಹಾದ ವೈರ್ ಅದು ಬಿಚ್ಚಿಕೊಳ್ಳುವ ಕ್ಷಣದಲ್ಲಿ ಅಡ್ಡಿಯಾಗುತ್ತದೆ. ಪಿಲ್ಲರ್ ಮುಚ್ಚಳ ತೆಗೆಯಲು ಧೈರ್ಯವಿಲ್ಲದವರು ಈ ಒಂದು ಭಾಗವನ್ನು ಮೆಕ್ಯಾನಿಕ್‌ಗೆ ಬಿಡುವುದೇ ಮೇಲು.

ಕೊನೆಯದಾಗಿ ಕಿಟ್‌ನ ಕಟ್ ಆಫ್ ವೋಲ್ಟೇಜ್: ಬ್ಯಾಟರಿ ಇಷ್ಟಕ್ಕೆ ಇಳಿದೊಡನೆ ಕಿಟ್ ಕ್ಯಾಮೆರಾವನ್ನು ಆರಿಸುತ್ತದೆ. ತುಂಬಿದ ಬ್ಯಾಟರಿ ನಿಂತ ಕಾರಿನಲ್ಲಿ 12.6 ವೋಲ್ಟ್ ತೋರಿಸುತ್ತದೆ, 12.2ಕ್ಕೆ ಇಳಿದರೆ ಹೆಚ್ಚುಕಡಿಮೆ ಅರ್ಧ ಖಾಲಿ. ಹಲವು ಕಿಟ್‌ಗಳಲ್ಲಿ 11.6 ಅಥವಾ 11.8ರ ಆಯ್ಕೆಯೂ ಇರುತ್ತದೆಯಾದರೂ ಅಷ್ಟರಲ್ಲಿ ಬ್ಯಾಟರಿ ಬಹುತೇಕ ಬರಿದಾಗಿರುತ್ತದೆ, ನಾನು 12.2ರಲ್ಲಿಯೇ ಇಟ್ಟಿದ್ದೇನೆ. ಮೊದಲ ರಾತ್ರಿ ಪಾರ್ಕಿಂಗ್ ಮೋಡ್ (ನಿಂತ ಕಾರನ್ನು ಕಾಯುವ ವಿಧಾನ) ಹಾಕಿ ಬಿಟ್ಟು, ಬೆಳಗ್ಗೆ ಬಾಗಿಲು ತೆರೆಯುವ ಮುನ್ನ ಬಾನೆಟ್ ಎತ್ತಿ ಬ್ಯಾಟರಿಯ ವೋಲ್ಟೇಜ್ ಅಳೆಯಲು ಅನುಕೂಲವಿದ್ದರೆ ಹಾಗೆಯೇ ಅಳೆಯಿರಿ. ಬಾನೆಟ್ ಲಿವರ್ ಕಾರಿನೊಳಗಿದ್ದರೆ ಹಿಂದಿನ ರಾತ್ರಿಯೇ ಅದನ್ನು ಎಳೆದಿಟ್ಟಿರಬೇಕಾಗುತ್ತದೆ.